ಹೆಬ್ಬೆರಳಿನಷ್ಟು ಜಾಗ, ಅದರಲ್ಲಿ ನಿಮ್ಮ ಇಡೀ ಗೇಮ್

ಎರಡು ವರ್ಷ ಕೂತು ಗೇಮ್ ಕಟ್ಟಿದಿರಿ. ಆಫೀಸ್ ಮುಗಿಸಿ ಬಂದು ರಾತ್ರಿ ಎರಡರವರೆಗೆ ಬಗ್ ಹುಡುಕಿದಿರಿ. ಸ್ಟೋರ್ ಪೇಜ್ ಹಾಕುವ ದಿನ ಬಂತು. ಒಂದು ಸ್ಕ್ರೀನ್‌ಶಾಟ್ ತೆಗೆದು, ಕೈಗೆ ಸಿಕ್ಕ ಫಾಂಟ್‌ನಲ್ಲಿ ಹೆಸರು ಟೈಪ್ ಮಾಡಿ, ಅಪ್‌ಲೋಡ್ ಒತ್ತಿ ಮಲಗಿದಿರಿ. ಎಡವಿದ್ದು ಅಲ್ಲೇ. ಸ್ಟೀಮ್‌ನಲ್ಲಿ ಸ್ಕ್ರಾಲ್ ಮಾಡುವವರಿಗೆ ನಿಮ್ಮ ಕೋಡ್ ಕಾಣುವುದಿಲ್ಲ, ನಿದ್ದೆಗೆಟ್ಟ ರಾತ್ರಿಗಳು ಕಾಣುವುದಿಲ್ಲ. ಕಾಣುವುದು ಒಂದು ಪುಟ್ಟ ಚಿತ್ರ. ಸ್ಟೀಮ್ ಭಾಷೆಯಲ್ಲಿ ಅದರ ಹೆಸರು ಕ್ಯಾಪ್ಸೂಲ್. ಅದನ್ನು ಒತ್ತಿದರೆ ಉಂಟು, ಒತ್ತದಿದ್ದರೆ ಇಲ್ಲ. ಈ ಕೆಲಸಕ್ಕೆ ಇಂದೇ ಕೈ ಹಾಕಿ.

1. ಚಿಕ್ಕದರಲ್ಲಿ ಯೋಚಿಸಿ, ದೊಡ್ಡದರಲ್ಲಿ ಮುಗಿಸಿ

ಸ್ಟೀಮ್‌ಗೆ ನೀವು ಕೊಡುವ ಸ್ಮಾಲ್ ಕ್ಯಾಪ್ಸೂಲ್ 462×174 ಪಿಕ್ಸೆಲ್. ಅದನ್ನೇ ಕುಗ್ಗಿಸಿ 120×45ರ ಒಂದು ಮರಿಯನ್ನೂ ಸ್ಟೀಮ್ ತಾನೇ ಮಾಡಿಕೊಳ್ಳುತ್ತದೆ. ನಿಮ್ಮ ಪರೀಕ್ಷೆ ನಡೆಯುವುದು ಆ ಮರಿಯ ಮೇಲೆ. ದೊಡ್ಡ ಮಾನಿಟರ್‌ನಲ್ಲಿ ಫುಲ್ ಸ್ಕ್ರೀನ್ ಇಟ್ಟುಕೊಂಡು ಮೆಚ್ಚಿಕೊಳ್ಳುವುದನ್ನು ಬಿಡಿ. ಮೊದಲ ಸ್ಕೆಚ್ಚನ್ನೇ ಅಂಚೆಚೀಟಿಯ ಅಳತೆಯಲ್ಲಿ ಮಾಡಿ. ಬರುತ್ತಿರುವ ಬಸ್ಸಿನ ಬೋರ್ಡನ್ನು ನೀವು ಹೇಗೆ ಓದುತ್ತೀರಿ, ನೆನಪಿಸಿಕೊಳ್ಳಿ: ನಂಬರ್ ಕಂಡರೆ ಕೈ ಅಡ್ಡ ಹಾಕುತ್ತೀರಿ, ಕಾಣದಿದ್ದರೆ ಬಸ್ ಹೋಗಿಯೇ ಬಿಡುತ್ತದೆ.

ಇಲ್ಲಿ ಒಂದು ಮಾತು. 2001ರಲ್ಲಿ ಬಂದ ಇಕೋ ಗೇಮ್‌ನ ಜಪಾನಿ ಕವರನ್ನು ಅದರ ನಿರ್ದೇಶಕ ಫುಮಿಟೊ ಉಎಡಾ ಅವರೇ ಬಿಡಿಸಿದ್ದರು, ಇಟಲಿಯ ಚಿತ್ರಕಾರ ಡಿ ಕಿರಿಕೋ ಅವರ ಪ್ರಭಾವದಲ್ಲಿ. ವಿಶಾಲವಾದ ಕಟ್ಟಡ, ಉದ್ದುದ್ದ ನೆರಳು, ಕೈಹಿಡಿದು ಓಡುವ ಎರಡು ಪುಟಾಣಿ ಆಕೃತಿ. ನನ್ನ ಕಣ್ಣಿಗೆ ಅದಕ್ಕಿಂತ ಚೆಂದದ ಕವರ್ ಇಲ್ಲ. ಆದರೆ ಅದು ಡಬ್ಬದ ಮೇಲಿನ ಚಿತ್ರ, ಅಂಗಡಿಯಲ್ಲಿ ಕೈಗೆತ್ತಿಕೊಂಡು ನೋಡುವಂಥದ್ದು. 120×45ರಲ್ಲಿ ಆ ಇಬ್ಬರು ಮಕ್ಕಳು ಎರಡು ಚುಕ್ಕೆ. ಮೆಚ್ಚಿ, ಕಾಪಿ ಮಾಡಬೇಡಿ.

2. ಒಂದೇ ವಿಷಯ ಹೇಳಿ

ಹೀರೋ, ವಿಲನ್, ಕೋಟೆ, ಡ್ರ್ಯಾಗನ್, ಹಿಂದೆ ಚಂದ್ರ, ಮುಂದೆ ಮೂವರು ಗೆಳೆಯರು. ಇಷ್ಟನ್ನೂ ತುಂಬಿದರೆ ಅದು ಮದುವೆ ಮನೆಯ ಗ್ರೂಪ್ ಫೋಟೋ. ಒಂದನ್ನು ಆರಿಸಿ. ಅನ್‌ಟೈಟಲ್ಡ್ ಗೂಸ್ ಗೇಮ್ ಹೇಳಿದ್ದು ಒಂದೇ: ಇಲ್ಲೊಂದು ಕಿತಾಪತಿ ಹೆಬ್ಬಾತು ಇದೆ. ಹಾಲೋ ನೈಟ್ ನೆನೆದರೆ ಕತ್ತಲಲ್ಲಿ ಒಂದು ಬಿಳಿ ಮುಖವಾಡ ಕಣ್ಮುಂದೆ ಬರುತ್ತದೆ. ನಿಮ್ಮ ಗೇಮನ್ನು ಆಡಿ ಎದ್ದವರು ಮಾರನೇ ದಿನ ಗೆಳೆಯರಿಗೆ ಏನನ್ನು ವರ್ಣಿಸುತ್ತಾರೆ? ಪ್ಲೇಟೆಸ್ಟ್ ಮಾಡಿದ ಐದು ಜನರನ್ನು ಕೇಳಿ. ಮೂವರು ಹೇಳಿದ್ದೇ ನಿಮ್ಮ ಕವರ್. ಉಳಿದದ್ದಕ್ಕೆ ಸ್ಕ್ರೀನ್‌ಶಾಟ್‌ಗಳಿವೆ, ಕನಿಷ್ಠ ಐದನ್ನು ಹಾಕಲೇಬೇಕಲ್ಲ.

3. ಜಾನರ್ ಬಚ್ಚಿಡಬೇಡಿ

ಪಜಲ್ ಗೇಮ್‌ಗೆ ಆ್ಯಕ್ಷನ್ ಕವರ್ ಹಾಕಿದರೆ ಕ್ಲಿಕ್ ಬರುತ್ತದೆ, ಆಟಗಾರ ಉಳಿಯುವುದಿಲ್ಲ. ಕೊಂಡು 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಸ್ಟೀಮ್ ದುಡ್ಡು ವಾಪಸ್ ಕೊಡುತ್ತದೆ. ಮೋಸ ಹೋದವರು ಅದನ್ನು ಬಳಸುತ್ತಾರೆ, ಹೋಗುವಾಗ ಒಂದು ನೆಗೆಟಿವ್ ರಿವ್ಯೂ ಕೂಡ ಬಿಟ್ಟು ಹೋಗುತ್ತಾರೆ. ಬಲಾಟ್ರೋ ನೋಡಿ, 2024ರಲ್ಲಿ ಒಬ್ಬನೇ ಡೆವಲಪರ್ ತಂದ ಗೇಮ್. ಇಸ್ಪೀಟಿನ ಆಟ ಎಂಬುದು ಕವರ್‌ನಲ್ಲೇ ಇದೆ. ನಿಮ್ಮ ಜಾನರ್‌ನಲ್ಲಿ ಗೆದ್ದ ಇಪ್ಪತ್ತು ಗೇಮ್‌ಗಳ ಕ್ಯಾಪ್ಸೂಲ್ ಒಂದೇ ಹಾಳೆಯಲ್ಲಿ ಅಂಟಿಸಿ. ಬಣ್ಣ, ಅಕ್ಷರ, ಪಾತ್ರದ ನಿಲುವು, ಏನೇನು ಮತ್ತೆ ಮತ್ತೆ ಬರುತ್ತಿದೆ ಪಟ್ಟಿ ಮಾಡಿ. ಮುಕ್ಕಾಲು ಪಾಲು ಆ ಸಂಪ್ರದಾಯ ಪಾಲಿಸಿ, ಕಾಲು ಪಾಲು ಮುರಿಯಿರಿ.

4. ಆಕೃತಿಯಲ್ಲೇ ಪಾತ್ರ ತಿಳಿಯಲಿ

ಬಯಲಾಟದಲ್ಲಿ ಹಿಂದಿನ ಸಾಲಿನಲ್ಲಿ ಕೂತವರಿಗೆ ವೇಷಧಾರಿಯ ಮುಖದ ಗೆರೆ ಎಲ್ಲಿ ಕಾಣಬೇಕು? ಆದರೂ ಬಣ್ಣದ ವೇಷ ಬಂತೆಂದು ಅರೆಕ್ಷಣದಲ್ಲಿ ಗೊತ್ತಾಗುತ್ತದೆ, ಆ ಭಾರಿ ಕಿರೀಟದ ಆಕಾರದಿಂದ. ನಿಮ್ಮ ಪಾತ್ರಕ್ಕೂ ಅಂಥ ಹೊರಗೆರೆ ಬೇಕು. ಪಾತ್ರಕ್ಕೆ ಪೂರ್ತಿ ಕಪ್ಪು ಬಳಿಯಿರಿ. ಈಗಲೂ ಯಾರೆಂದು ತಿಳಿದರೆ ಪಾಸ್. ಬರೀ ಒಂದು ಕಪ್ಪು ಮುದ್ದೆ ಕಂಡರೆ ಟೋಪಿ, ಕೊಡೆ, ಬಾಲ, ಏನಾದರೂ ಕೊಡಿ. ಕೈಯನ್ನು ಮೈಯಿಂದ ದೂರ ಸರಿಸಿದರೂ ಅರ್ಧ ಸಮಸ್ಯೆ ಮುಗಿಯುತ್ತದೆ. ಮುಖ ಇದ್ದರೆ ಅದನ್ನು ದೊಡ್ಡದಾಗಿ ತನ್ನಿ. ಪಾದದವರೆಗೆ ತೋರಿಸಬೇಕೆಂಬ ಹಟ ಬೇಡ.

5. ಬಣ್ಣಕ್ಕೆ ಮೊದಲು ಬೆಳಕು

ಚಿತ್ರವನ್ನು ಬ್ಲ್ಯಾಕ್ ಅಂಡ್ ವೈಟ್ ಮಾಡಿ ನೋಡಿ. ಹೆಸರು, ಪಾತ್ರ, ಹಿನ್ನೆಲೆ ಮೂರೂ ಬೇರೆ ಬೇರೆ ಕಾಣಬೇಕು. ಸ್ಟೀಮ್‌ನ ಪುಟವೇ ಕಡುನೀಲಿ. ಅದರ ಮೇಲೆ ಕಪ್ಪುಗಟ್ಟಿದ ಹಾರರ್ ಕವರ್ ಇಟ್ಟರೆ ಗೋಡೆಯಲ್ಲಿ ತೂತು ಬಿದ್ದಂತೆ ಕಾಣುತ್ತದೆ. ನಿಮ್ಮ ಜಾನರ್‌ನ ಸ್ಟೋರ್ ಪುಟದ ಸ್ಕ್ರೀನ್‌ಶಾಟ್ ತೆಗೆದು ಅದರ ನಡುವೆ ನಿಮ್ಮದನ್ನು ಅಂಟಿಸಿ, ಫೋನಿಗೆ ಕಳಿಸಿ, ತೋಳಿನುದ್ದ ದೂರ ಹಿಡಿದು ನೋಡಿ. ಕಣ್ಣು ನಿಮ್ಮದರ ಮೇಲೆ ಹೋಗಲಿಲ್ಲವೇ? ಮತ್ತೆ ಕೂತುಕೊಳ್ಳಿ.

6. ಹೆಸರನ್ನು ಓದಿಸಿ

ಸ್ಮಾಲ್ ಕ್ಯಾಪ್ಸೂಲ್‌ನಲ್ಲಿ ಲೋಗೋ ಹೆಚ್ಚುಕಡಿಮೆ ಇಡೀ ಜಾಗ ತುಂಬಲಿ. ಅಲ್ಲಿ ಚಿತ್ರ ಬರೀ ಒಗ್ಗರಣೆ. ಸಪೂರ ಅಕ್ಷರ, ಬಳ್ಳಿ ಸುತ್ತಿದ ಅಕ್ಷರ, ರಕ್ತ ಸುರಿಯುವ ಅಕ್ಷರ ಬೇಡ.

ಕನ್ನಡದಲ್ಲೇ ಹೆಸರಿಡುವವರು ಇನ್ನಷ್ಟು ಎಚ್ಚರ ವಹಿಸಿ. ನಮ್ಮ ಲಿಪಿಗೆ ಒತ್ತು ಕೆಳಗೆ, ಗುಣಿತ ಮೇಲೆ. ಅಷ್ಟಕ್ಕೆ ಜಾಗ ಬಿಟ್ಟರೆ ಮೂಲ ಅಕ್ಷರ ಕುಳ್ಳಗಾಗುತ್ತದೆ. ‘ರಾಷ್ಟ್ರಕೂಟ’ ಎಂದು ಬರೆದು 45 ಪಿಕ್ಸೆಲ್ ಎತ್ತರಕ್ಕೆ ಇಳಿಸಿ ನೋಡಿ, ಷ್ಟ್ರ ಒಂದು ಇರುವೆ ಸಾಲು. ‘ಕಾಡು’, ‘ಬೇಟೆ’, ‘ಮಳೆ’ ಥರದ ಒತ್ತಿಲ್ಲದ ಚಿಕ್ಕ ಹೆಸರುಗಳು ಅದೇ ಅಳತೆಯಲ್ಲಿ ಸಲೀಸಾಗಿ ನಿಲ್ಲುತ್ತವೆ. ಉದ್ದ ಹೆಸರೇ ಬೇಕೆಂದರೆ ಎರಡು ಸಾಲು ಮಾಡಿ. ಫಾಂಟ್‌ಗೆ ಜೋತುಬೀಳದೆ ಅಕ್ಷರವನ್ನು ಕೈಯಲ್ಲೇ ಬರೆಸಿ. ನಮ್ಮಲ್ಲಿ ಸಿನಿಮಾ ಟೈಟಲ್ ಬರೆಯುವ ಕಲಾವಿದರಿಗೆ ಈ ತಲೆನೋವು ಹಳೆಯದು, ಅವರಿಂದ ಕಲಿಯಿರಿ.

7. ಬಡಾಯಿ ಅಳಿಸಿ

‘ಬೆಸ್ಟ್ ಇಂಡೀ ಗೇಮ್’, ‘10ಕ್ಕೆ 9’, ‘50% ಆಫ್’: ಇವೆಲ್ಲ ಕ್ಯಾಪ್ಸೂಲ್ ಮೇಲೆ ನಿಷಿದ್ಧ. 2022ರ ಸೆಪ್ಟೆಂಬರ್‌ನಿಂದ ಸ್ಟೀಮ್ ನಿಯಮವೇ ಹಾಗಿದೆ. ಚಿತ್ರ, ಗೇಮ್‌ನ ಹೆಸರು, ಅಧಿಕೃತ ಉಪಶೀರ್ಷಿಕೆ ಇಷ್ಟೇ.

8. ಒಂದೇ ಚಿತ್ರವನ್ನು ಎಲ್ಲ ಕಡೆ ಕತ್ತರಿಸಬೇಡಿ

ಹೆಡರ್ 920×430, ಅಡ್ಡಕ್ಕೆ. ವರ್ಟಿಕಲ್ 748×896, ಉದ್ದಕ್ಕೆ. ಲೈಬ್ರರಿ ಕ್ಯಾಪ್ಸೂಲ್ 600×900. ಲೈಬ್ರರಿ ಹೀರೋ 3840×1240, ಅದರಲ್ಲಿ ಅಕ್ಷರವೇ ಇರಬಾರದು. ಅಡ್ಡ ಚಿತ್ರವನ್ನು ಉದ್ದಕ್ಕೆ ಕತ್ತರಿಸಿದರೆ ಹೀರೋನ ಕಿವಿ ಹೋಗುತ್ತದೆ. ಪಾತ್ರ, ಹಿನ್ನೆಲೆ, ಲೋಗೋ ಮೂರನ್ನೂ ಬೇರೆ ಬೇರೆ ಲೇಯರ್‌ನಲ್ಲಿ ಇಟ್ಟುಕೊಳ್ಳಿ, ಪ್ರತಿ ಅಳತೆಗೂ ಹೊಸದಾಗಿ ಜೋಡಿಸಿ. ಇಚ್.ಐಒದಲ್ಲೂ ಹಾಕುವಿರಾದರೆ ಅಲ್ಲಿಗೆ 630×500 ಮಾಡಿಡಿ.

9. ‘ನನಗೆ ಡ್ರಾಯಿಂಗ್ ಬರಲ್ಲ’ ಎನ್ನುವುದನ್ನು ನಿಲ್ಲಿಸಿ

ಅದು ಕಾರಣವಲ್ಲ, ಅಭ್ಯಾಸ. ಬರುವವರನ್ನು ಹುಡುಕಿ. ಇಡೀ ಗೇಮ್‌ಗೆ ಆರ್ಟಿಸ್ಟ್ ಇಡಲು ಬಜೆಟ್ ಇಲ್ಲದಿರಬಹುದು. ಈ ಒಂದು ಚಿತ್ರಕ್ಕೆ ಇಡಿ. ಗೇಮ್ ಪಿಕ್ಸೆಲ್ ಆರ್ಟ್ ಆಗಿದ್ದರೂ ಕವರ್ ಪೇಂಟಿಂಗ್ ಆಗಿರಬಹುದು, ತಪ್ಪಿಲ್ಲ. ಮೂಡ್ ಮಾತ್ರ ಒಂದೇ ಇರಲಿ. ಆರ್ಟಿಸ್ಟ್‌ಗೆ ‘ಸ್ವಲ್ಪ ಚೆನ್ನಾಗಿ ಮಾಡಿ ಗುರು’ ಎನ್ನಬೇಡಿ. ಒಂದು ಪುಟದ ಬ್ರೀಫ್ ಬರೆಯಿರಿ: ಜಾನರ್, ಎರಡನೇ ಸೂತ್ರದ ಆ ಒಂದು ವಿಷಯ, ಇಷ್ಟವಾದ ಮೂರು ಕವರ್, ಬೇಕಾದ ಎಲ್ಲ ಅಳತೆ. ಮೊದಲು ನಾಲ್ಕು ಥಂಬ್‌ನೇಲ್ ಸ್ಕೆಚ್ ಕೇಳಿ, ಒಂದನ್ನು ಒಪ್ಪಿದ ಮೇಲೆಯೇ ಬಣ್ಣ. ಲೇಯರ್ ಇರುವ ಫೈಲ್ ನಿಮಗೆ ಸೇರಬೇಕು, ಮಾರಾಟಕ್ಕೆ ಬಳಸುವ ಹಕ್ಕು ಬರಹದಲ್ಲಿ ಇರಬೇಕು. ದುಡ್ಡಿನ ಮಾತು ಮೊದಲೇ ಆಡಿ, ಅಡ್ವಾನ್ಸ್ ಕೊಡಿ.

10. ಬೇಗ ಹಾಕಿ, ಅಳೆದು ಬದಲಿಸಿ

ರಿಲೀಸ್‌ಗೆ ಕನಿಷ್ಠ ಎರಡು ವಾರ ಮುಂಚೆ ‘ಕಮಿಂಗ್ ಸೂನ್’ ಪೇಜ್ ಇರಲೇಬೇಕು, ಸ್ಟೀಮ್ ನಿಯಮ. ನೀವು ತಿಂಗಳುಗಟ್ಟಲೆ ಮುಂಚೆ ಹಾಕಿ, ವಿಶ್‌ಲಿಸ್ಟ್ ಕೂಡಿಬರಲು ಸಮಯ ಬೇಕು. ಸ್ಟೀಮ್‌ವರ್ಕ್ಸ್‌ನ ಟ್ರಾಫಿಕ್ ವರದಿ ತೆರೆಯಿರಿ: ಕ್ಯಾಪ್ಸೂಲ್ ಎಷ್ಟು ಸಲ ಕಣ್ಣಿಗೆ ಬಿತ್ತು, ಎಷ್ಟು ಜನ ಪೇಜಿಗೆ ಬಂದರು, ಎರಡೂ ಸಿಗುತ್ತವೆ. ಕಂಡರೂ ಒತ್ತುತ್ತಿಲ್ಲವೆಂದರೆ ಕವರ್ ಬದಲಿಸಿ. ಒತ್ತಿ ಬಂದವರು ವಿಶ್‌ಲಿಸ್ಟ್‌ಗೆ ಹಾಕುತ್ತಿಲ್ಲವೆಂದರೆ ಕವರ್ ಬಿಡಿ, ಟ್ರೇಲರ್ ನೋಡಿ. ಕವರ್ ಬದಲಿಸಿದ ವಾರ ಬೇರೇನೂ ಮುಟ್ಟಬೇಡಿ, ಇಲ್ಲದಿದ್ದರೆ ಯಾವುದು ಕೆಲಸ ಮಾಡಿತೆಂದು ತಿಳಿಯುವುದಿಲ್ಲ. ದಿನಾಂಕ ಬರೆದಿಡಿ. ಹಳೆಯ ಫೈಲ್ ಡಿಲೀಟ್ ಮಾಡಬೇಡಿ, ಹೊಸದು ಸೋತರೆ ಅದೇ ದಿನ ವಾಪಸ್ ಹಾಕಬೇಕಾಗುತ್ತದೆ.