ಮುಂಬಯಿಯ ಮಳೆಗಾಲದಲ್ಲಿ ಸೈಕಲ್: ಪಾಲನೆ, ಸವಾರಿ, ಅಭ್ಯಾಸ

ಮುಂಬಯಿಯನ್ನು ಲೋಕಲ್ ರೈಲುಗಳ ನಗರವೆಂದು ಕರೆಯುವುದು ರೂಢಿ. ಆದರೆ ರೈಲುಗಳು ತುಂಬುವ ಮುನ್ನವೇ ಆ ನಗರದ ಗಲ್ಲಿಗಳಲ್ಲಿ ಸೈಕಲ್ಲುಗಳ ಸಂಚಾರ ಮೊದಲಾಗಿರುತ್ತದೆ. ರಬ್ಬರಿನ ಹಾರ್ನು ಒತ್ತುತ್ತ ಬರುವ ಪಾವ್‌ವಾಲಾ, ಕ್ಯಾರಿಯರಿನ ಇಬ್ಬದಿಗೂ ಹಾಲಿನ ಕ್ಯಾನು ಕಟ್ಟಿದವನು, ವೃತ್ತಪತ್ರಿಕೆ ಹಂಚುವ ಹುಡುಗ, ಧಾರಾವಿ-ಮಾಟುಂಗಾ ಕಡೆಯಿಂದ ಅಲ್ಯೂಮಿನಿಯಂ ಪಾತ್ರೆಗಳಲ್ಲಿ ಇಡ್ಲಿ ಹೊತ್ತು ಹೊರಡುವ ಮಾರಾಟಗಾರ, ಇವರೆಲ್ಲರ ದಿನದ ಸಂಪಾದನೆ ಎರಡು ಚಕ್ರಗಳ ಮೇಲೆ ನಿಂತಿದೆ. 1890ರಲ್ಲಿ ಮಹಾದೇವ ಹಾವಜಿ ಬಚ್ಚೆಯವರು ಆರಂಭಿಸಿದ ಡಬ್ಬಾವಾಲಾ ವ್ಯವಸ್ಥೆಯಲ್ಲಿಯೂ ದೂರದ ಪಯಣವಷ್ಟೇ ರೈಲಿನದು. ಮನೆಯಿಂದ ನಿಲ್ದಾಣಕ್ಕೆ, ನಿಲ್ದಾಣದಿಂದ ಕಚೇರಿಗೆ ಡಬ್ಬಿಗಳನ್ನು ಸಾಗಿಸುವ ಕೆಲಸದ ಬಹುಪಾಲು ಸೈಕಲ್ಲಿನದೇ ಆಗಿದೆ. 2020ರ ಮಾರ್ಚ್ ತಿಂಗಳಲ್ಲಿ ಸಾಂಕ್ರಾಮಿಕದ ಕಾರಣದಿಂದ ಲೋಕಲ್ ರೈಲುಗಳು ಸಾರ್ವಜನಿಕರಿಗೆ ನಿಂತಾಗ ದೂರದ ಉಪನಗರಗಳಿಂದ ಸೈಕಲ್ಲಿನಲ್ಲಿಯೇ ಕೆಲಸಕ್ಕೆ ಬಂದವರೂ ಉಂಟು.

ಈ ನಗರ ಒಂದು ಕಾಲಕ್ಕೆ ಸೈಕಲ್ ತಯಾರಿಸುವ ಸ್ಥಳವೂ ಆಗಿತ್ತು. ವರ್ಲಿಯಲ್ಲಿದ್ದ ಹಿಂದ್ ಸೈಕಲ್ಸ್ ಕಾರ್ಖಾನೆಯನ್ನು ಕೇಂದ್ರ ಸರಕಾರವು 1980ರ ಕಾಯಿದೆಯ ಮೂಲಕ ರಾಷ್ಟ್ರೀಕರಿಸಿತು. ಇಂದು ಆ ಕಾರ್ಖಾನೆಯಿಲ್ಲ. ಆದರೆ ಅದು ತಯಾರಿಸುತ್ತಿದ್ದ ಬಗೆಯ ಭಾರವಾದ ಕಪ್ಪು ಸೈಕಲ್ಲುಗಳು ಇಂದಿಗೂ ಮುಂಬಯಿಯ ಸರಕನ್ನು ಹೊರುತ್ತಿವೆ. ವ್ಯಾಯಾಮಕ್ಕೆಂದು ಗೇರಿನ ಸೈಕಲ್ ಕೊಳ್ಳುವವರ ಸಂಖ್ಯೆಯೂ ಇತ್ತೀಚೆಗೆ ಹೆಚ್ಚಿದೆ. ಇವೆರಡೂ ವರ್ಗದ ಸವಾರರಿಗೆ ಸಮಾನವಾದ ಶತ್ರು ಒಂದೇ: ನೀರು.

ಮಳೆಗೆ ಮುನ್ನ

ಮುಂಬಯಿಗೆ ಮುಂಗಾರು ಕಾಲಿಡುವುದು ಸಾಮಾನ್ಯವಾಗಿ ಜೂನ್ ತಿಂಗಳ ಎರಡನೆಯ ವಾರದಲ್ಲಿ. ಅಲ್ಲಿಂದ ನಾಲ್ಕು ತಿಂಗಳೊಳಗೆ ಎರಡು ಸಾವಿರ ಮಿಲಿಮೀಟರಿಗೂ ಅಧಿಕ ಮಳೆ ಸುರಿಯುತ್ತದೆ. ಇದು ಬೆಂಗಳೂರಿನಲ್ಲಿ ವರ್ಷವಿಡೀ ಬೀಳುವ ಮಳೆಯ ಎರಡು ಪಟ್ಟಿಗೂ ಹೆಚ್ಚು. ಮಂಗಳೂರು-ಉಡುಪಿಯ ಓದುಗರಿಗೆ ಈ ಪ್ರಮಾಣ ಹೊಸದಲ್ಲ. ಇಲ್ಲಿ ಹೇಳಿರುವ ಎಚ್ಚರಿಕೆಗಳು ಅವರ ಊರಿಗೂ ಹೊಂದುತ್ತವೆ. ಮಳೆಯಿಲ್ಲದ ತಿಂಗಳುಗಳಲ್ಲಿಯೂ ಸಮುದ್ರದ ಉಪ್ಪುಗಾಳಿ ಕಬ್ಬಿಣವನ್ನು ಬಿಡುವುದಿಲ್ಲ. ಆದುದರಿಂದ ಮೇ ತಿಂಗಳ ಕೊನೆಯಲ್ಲಿ ಒಮ್ಮೆ, ಮಳೆ ನಿಂತ ಮೇಲೆ ಅಕ್ಟೋಬರಿನಲ್ಲಿ ಮತ್ತೊಮ್ಮೆ ಸೈಕಲ್ಲನ್ನು ಪೂರ್ಣವಾಗಿ ಬಿಚ್ಚಿಸಿ ಓವರ್‌ಹಾಲಿಂಗ್ ಮಾಡಿಸುವುದು ಉಚಿತ. ಹಬ್ಬಿನ ಗುಂಡುಗಳಿಗೂ ಪೆಡಲಿನ ಆಕ್ಸಲಿಗೂ ಹೊಸ ಗ್ರೀಸು ತುಂಬಿದರೆ ನೀರು ಒಳಹೋಗಲು ಎಡೆ ಕಡಿಮೆಯಾಗುತ್ತದೆ.

ಚೈನಿನ ವಿಷಯದಲ್ಲಿ ಜನರಲ್ಲಿ ಒಂದು ತಪ್ಪು ಕಲ್ಪನೆಯಿದೆ. ಎಣ್ಣೆ ಹೆಚ್ಚು ಸುರಿದಷ್ಟೂ ಒಳ್ಳೆಯದೆಂದು ಭಾವಿಸಿ ಅನೇಕರು ಅದನ್ನು ತೊಯ್ದು ತೊಟ್ಟಿಕ್ಕುವಂತೆ ಮಾಡುತ್ತಾರೆ. ಹೊರಗೆ ಉಳಿದ ಎಣ್ಣೆ ರಸ್ತೆಯ ಮರಳನ್ನು ಹಿಡಿದಿಟ್ಟು ಅರದಂತೆ ಚೈನನ್ನೇ ತೇಯುತ್ತದೆ. ಎಣ್ಣೆ ಬೇಕಾದದ್ದು ಕೊಂಡಿಗಳ ಒಳಗೆ. ಸೀಮೆಎಣ್ಣೆಯಲ್ಲಿ ನೆನೆಸಿದ ಬಟ್ಟೆಯಿಂದ ಚೈನನ್ನು ಒರೆಸಿ, ಒಣಗಿದ ಮೇಲೆ ಪ್ರತಿ ಕೊಂಡಿಗೂ ಒಂದೊಂದು ಹನಿ ಮಷೀನ್ ಎಣ್ಣೆ ಬಿಟ್ಟು, ಪೆಡಲನ್ನು ಹಿಂದಕ್ಕೆ ಹತ್ತಾರು ಸುತ್ತು ತಿರುಗಿಸಿ, ಹೊರಗುಳಿದುದನ್ನು ಒಣಬಟ್ಟೆಯಿಂದ ಒರೆಸಬೇಕು. ಕೊಬ್ಬರಿ ಎಣ್ಣೆಯನ್ನು ಬಳಸುವವರುಂಟು. ಅದು ಕಾಲಕ್ರಮೇಣ ಅಂಟಾಗಿ ಧೂಳು ಕಟ್ಟುತ್ತದೆ. ಮಳೆಯಲ್ಲಿ ನೆನೆದು ಬಂದ ದಿನ ಈ ಕ್ರಮವನ್ನು ಅಂದೇ ಮಾಡಬೇಕು, ಏಕೆಂದರೆ ಒಂದೇ ರಾತ್ರಿಯಲ್ಲಿ ತುಕ್ಕು ಹಿಡಿಯುತ್ತದೆ.

ಚೈನು ಸವೆದಿದೆಯೇ ಎಂಬುದನ್ನು ತಿಳಿಯಲು ಅಡಿಪಟ್ಟಿಯೊಂದು ಸಾಕು. ಹೊಸ ಚೈನಿನ 24 ಕೊಂಡಿಗಳು ಪಿನ್ನಿನಿಂದ ಪಿನ್ನಿಗೆ ಸರಿಯಾಗಿ 12 ಅಂಗುಲ ಅಳೆಯುತ್ತವೆ. ಅದು ಅಂಗುಲದ ಎಂಟನೆಯ ಒಂದು ಭಾಗದಷ್ಟು ಉದ್ದವಾಗಿದ್ದರೆ ಚೈನನ್ನು ಬದಲಿಸಬೇಕು. ಹಾಗೆಯೇ ಮುಂದುವರಿದರೆ ಹಲ್ಲುಚಕ್ರಗಳೂ ಸವೆದು ಖರ್ಚು ಹಲವು ಪಟ್ಟಾಗುತ್ತದೆ.

ಪ್ರತಿ ಸುತ್ತಿನಲ್ಲಿಯೂ ಒಂದೇ ಜಾಗದಲ್ಲಿ ಟಕ್ ಎಂಬ ಸದ್ದು ಬಂದರೆ ಕ್ರ್ಯಾಂಕಿನ ಕಾಟರ್ ಪಿನ್ ಸಡಿಲವಾಗಿರುವ ಸಂಭವ ಹೆಚ್ಚು. ಹಿಂಬದಿಯ ಚಕ್ರದ ಕಡ್ಡಿಗಳನ್ನು ಬೆರಳಿನಿಂದ ಮಿಡಿದು ನೋಡಬೇಕು. ಮಂದವಾದ ದನಿ ಕೊಡುವ ಕಡ್ಡಿ ಸಡಿಲವಾಗಿದೆ ಎಂದರ್ಥ. ಭಾರ ಹೊರುವ ಸೈಕಲ್ಲಿನಲ್ಲಿ ಒಂದು ಕಡ್ಡಿ ಮುರಿದರೆ ಅದರ ಪಾಲಿನ ಹೊರೆ ಪಕ್ಕದ ಕಡ್ಡಿಗಳ ಮೇಲೆ ಬೀಳುತ್ತದೆ. ಆದ್ದರಿಂದ ಅದನ್ನು ನಾಳೆಗೆಂದು ಬಿಡಬಾರದು. ಚಕ್ರದ ಗಾಳಿ ಕಡಿಮೆಯಿದ್ದರೆ ಗುಂಡಿಯ ಅಂಚಿಗೆ ರಿಮ್ಮು ಬಡಿದು ಟ್ಯೂಬು ಕತ್ತರಿಸುತ್ತದೆ. ಮಳೆಯಲ್ಲಿ ಟೈರಿಗೆ ಅಂಟಿದ ಗಾಜಿನ ಚೂರು ಸುಲಭವಾಗಿ ಒಳನುಗ್ಗುವುದರಿಂದ ಪ್ರತಿ ಸಂಜೆ ಟೈರಿನ ಮೇಲ್ಮೈಯನ್ನು ಒಮ್ಮೆ ಕಣ್ಣಾರೆ ನೋಡುವುದು ಒಳ್ಳೆಯ ಅಭ್ಯಾಸ.

ಬ್ರೇಕು

ಉಳಿದೆಲ್ಲ ದೋಷಗಳು ಸವಾರನನ್ನು ದಾರಿಯಲ್ಲಿ ನಿಲ್ಲಿಸುತ್ತವೆ; ಬ್ರೇಕಿನ ದೋಷ ಮಾತ್ರ ಅವನನ್ನು ನಿಲ್ಲಗೊಡುವುದಿಲ್ಲ. ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಹೋಗುವ ಸೈಕಲ್ಲು ಸೆಕೆಂಡಿಗೆ ಐದೂವರೆ ಮೀಟರ್ ದೂರ ಸಾಗುತ್ತದೆ. ಅಪಾಯವನ್ನು ಕಂಡು ಕೈ ಬ್ರೇಕನ್ನು ಒತ್ತುವಷ್ಟರಲ್ಲಿ ಸುಮಾರು ಒಂದು ಸೆಕೆಂಡು, ಅಂದರೆ ಅಷ್ಟು ದೂರ, ಕಳೆದಿರುತ್ತದೆ. ಒಣರಸ್ತೆಯಲ್ಲಿ ಒಳ್ಳೆಯ ಬ್ರೇಕಿದ್ದರೆ ಅನಂತರ ನಾಲ್ಕೈದು ಮೀಟರಿನಲ್ಲಿ ನಿಲ್ಲಬಹುದು. ಆದರೆ ಹಳೆಯ ಮಾದರಿಯ ಸೈಕಲ್ಲುಗಳಲ್ಲಿ ರಬ್ಬರಿನ ತುಂಡು ಮೆರುಗಿನ ಉಕ್ಕಿನ ರಿಮ್ಮಿಗೆ ಒತ್ತುತ್ತದೆ. ಅದು ನೆನೆದಾಗ ಎರಡರ ನಡುವೆ ನೀರಿನ ತೆಳುಪೊರೆ ನಿಂತು ಹಿಡಿತವೇ ಇಲ್ಲವಾಗುತ್ತದೆ. ಮಳೆಯಲ್ಲಿ ಬ್ರೇಕು ಒತ್ತಿದರೂ ಸೈಕಲ್ಲು ಜಾರುತ್ತಲೇ ಹೋಯಿತೆಂದು ಸವಾರರು ಹೇಳುವುದು ಈ ಕಾರಣದಿಂದ. ಅಲ್ಯೂಮಿನಿಯಂ ರಿಮ್ಮು ಇದಕ್ಕಿಂತ ಮೇಲು. ಡಿಸ್ಕ್ ಬ್ರೇಕು ಇನ್ನೂ ಮೇಲು. ಆದರೆ ದುಡಿಮೆಯ ಸೈಕಲ್ಲಿಗೆ ಅದನ್ನು ಹಾಕಿಸುವುದು ಎಲ್ಲರ ಕೈಲಾಗುವ ಮಾತಲ್ಲ.

ಇದಕ್ಕೆ ಖರ್ಚಿಲ್ಲದ ಉಪಾಯವೊಂದಿದೆ. ನಿಲ್ಲಬೇಕಾದ ಸ್ಥಳಕ್ಕೆ ಸಾಕಷ್ಟು ಮೊದಲೇ, ಚಕ್ರ ಇನ್ನೂ ಸರಾಗವಾಗಿ ಉರುಳುತ್ತಿರುವಾಗಲೇ, ಬ್ರೇಕನ್ನು ಹಗುರವಾಗಿ ಒತ್ತಿ ಹಿಡಿಯಬೇಕು. ಚಕ್ರದ ಕೆಲವು ಸುತ್ತುಗಳಲ್ಲಿ ರಬ್ಬರು ರಿಮ್ಮಿನ ನೀರನ್ನು ಒರೆಸಿಹಾಕುತ್ತದೆ. ಅನಂತರ ಒತ್ತಿದರೆ ಹಿಡಿತ ಸಿಗುತ್ತದೆ. ಮುಂದಿನ ಬ್ರೇಕು ಹೆಚ್ಚು ಶಕ್ತಿಯುಳ್ಳದ್ದು. ಅದನ್ನು ಒಮ್ಮೆಲೇ ಬಿಗಿದರೆ ಸವಾರ ಮುಗ್ಗರಿಸುತ್ತಾನೆ, ಬಿಟ್ಟೇಬಿಟ್ಟರೆ ನಿಲ್ಲುವುದು ತಡವಾಗುತ್ತದೆ. ಎರಡನ್ನೂ ಒಟ್ಟಿಗೆ, ಕ್ರಮೇಣ ಬಿಗಿಗೊಳಿಸುವುದನ್ನು ಕೈ ಕಲಿಯಬೇಕು. ತಿರುವಿನಲ್ಲಿ ಬ್ರೇಕು ಹಾಕದೆ, ತಿರುವಿಗೆ ಮೊದಲೇ ವೇಗ ಇಳಿಸತಕ್ಕದ್ದು. ರಬ್ಬರಿನ ಗೀರುಗಳು ಸವೆದು ನುಣುಪಾದೊಡನೆ ಹೊಸದನ್ನು ಹಾಕಿಸಬೇಕು. ಚೈನಿಗೆ ಎಣ್ಣೆ ಬಿಡುವಾಗ ಒಂದು ಹನಿಯೂ ರಿಮ್ಮಿನ ಮೇಲೆ ಬೀಳದಂತೆ ಎಚ್ಚರ ವಹಿಸಬೇಕು.

ಕ್ಯಾರಿಯರಿನ ಮೇಲೆ ಹೊರೆಯಿದ್ದಾಗ ಈ ಲೆಕ್ಕಗಳೆಲ್ಲ ಬದಲಾಗುತ್ತವೆ. ಮೂವತ್ತು-ನಲವತ್ತು ಕಿಲೋ ಹಾಲು ಅಥವಾ ಡಬ್ಬಿ ಹೊತ್ತ ಸೈಕಲ್ಲು ನಿಲ್ಲಲು ಹೆಚ್ಚು ದೂರ ಬೇಡುತ್ತದೆ, ತಿರುವಿನಲ್ಲಿ ಬಾಲ ಬೀಸುತ್ತದೆ. ಹೊರೆಯನ್ನು ಎರಡೂ ಬದಿಗೆ ಸಮನಾಗಿ, ಸಾಧ್ಯವಾದಷ್ಟು ಕೆಳಮಟ್ಟದಲ್ಲಿ ಕಟ್ಟಬೇಕು. ಹಗ್ಗದ ತುದಿ ಚಕ್ರಕ್ಕೆ ಸಿಗದಂತೆ ಸಿಕ್ಕಿಸಬೇಕು. ಹ್ಯಾಂಡಲಿಗೆ ಚೀಲ ತೂಗುಹಾಕುವ ಪದ್ಧತಿ ಎಷ್ಟೇ ಸಾಮಾನ್ಯವಾಗಿದ್ದರೂ ಅಪಾಯಕರವಾದದ್ದೇ ಸರಿ.

ರಸ್ತೆಯಲ್ಲಿ ಸವಾರನ ಸ್ಥಾನ

ಸೈಕಲ್ಲಿಗೆಂದೇ ಪ್ರತ್ಯೇಕ ಪಥ ಮುಂಬಯಿಯಲ್ಲಿ ಇಲ್ಲವೆನ್ನುವಷ್ಟು ವಿರಳ. ಬಾಂದ್ರಾ-ಕುರ್ಲಾ ಸಂಕೀರ್ಣದಲ್ಲಿ ನಿರ್ಮಿಸಿದ ಪಥವು ವಾಹನಗಳ ನಿಲುಗಡೆಗೆ ಆಹಾರವಾಯಿತು. 2009ರಲ್ಲಿ ತೆರೆದ ಬಾಂದ್ರಾ-ವರ್ಲಿ ಸಮುದ್ರ ಸೇತುವೆಯ ಮೇಲಾಗಲಿ, 2024ರ ಜನವರಿಯಲ್ಲಿ ಉದ್ಘಾಟನೆಯಾದ ಅಟಲ್ ಸೇತುವಿನ ಮೇಲಾಗಲಿ ಸೈಕಲ್ಲಿಗೆ ಪ್ರವೇಶವಿಲ್ಲ. ಬಾಂದ್ರಾದಿಂದ ದಕ್ಷಿಣಕ್ಕೆ ಬರುವ ಸವಾರನು ಇಂದಿಗೂ 1845ರಲ್ಲಿ ಪೂರ್ಣಗೊಂಡ ಮಾಹಿಮ್ ಕಾಸ್‌ವೇಯನ್ನೇ ಆಶ್ರಯಿಸುತ್ತಾನೆ. ಹೀಗಿರುವಾಗ ಬಸ್ಸು, ಲಾರಿ, ರಿಕ್ಷಾಗಳೊಂದಿಗೆ ಒಂದೇ ರಸ್ತೆಯನ್ನು ಹಂಚಿಕೊಳ್ಳುವ ಕಲೆ ಅನಿವಾರ್ಯ.

ಎಡಬದಿಯಲ್ಲಿ ಸಾಗಬೇಕೆಂಬ ನಿಯಮವನ್ನು ಎಲ್ಲರೂ ಬಲ್ಲರು. ಆದರೆ ಎಡಬದಿ ಎಂದರೆ ಚರಂಡಿಯ ಅಂಚಲ್ಲ. ತೀರ ಅಂಚಿನಲ್ಲಿ ಕೆಸರು, ಗಾಜು, ಸರಳುಗಳ ನಡುವೆ ಚಕ್ರ ಸಿಲುಕುವಂಥ ಚರಂಡಿ ಜಾಲರಿ, ಮಳೆಗೆ ಜಾರುವ ಪೇವರ್ ಬ್ಲಾಕುಗಳು ಇರುತ್ತವೆ. ಅಲ್ಲಿಂದ ತಪ್ಪಿಸಿಕೊಳ್ಳಲು ಸವಾರನು ಥಟ್ಟನೆ ಬಲಕ್ಕೆ ಹೊರಳಿದಾಗ ಹಿಂದಿನ ವಾಹನಕ್ಕೆ ಸಮಯವೇ ಸಿಗುವುದಿಲ್ಲ. ಅಂಚಿನಿಂದ ಸುಮಾರು ಒಂದು ಮೀಟರ್ ಬಿಟ್ಟು, ಅತ್ತಿತ್ತ ಹೊರಳದೆ, ಒಂದೇ ಗೆರೆಯಲ್ಲಿ ಸಾಗುವವನು ಹಿಂದಿನವರ ಕಣ್ಣಿಗೆ ಕಾಣುತ್ತಾನೆ. ಸಾಲಾಗಿ ನಿಂತ ಕಾರುಗಳ ಪಕ್ಕದಲ್ಲಿ ಬಾಗಿಲು ತೆರೆಯುವಷ್ಟು ಅಂತರವೂ ಇರಬೇಕು.

ಎಲ್ಲಕ್ಕಿಂತ ಘೋರವಾದ ಅಪಾಯ ಎಡಕ್ಕೆ ತಿರುಗುವ ಲಾರಿಯದು. ಸಿಗ್ನಲಿನಲ್ಲಿ ನಿಂತ ಲಾರಿ ಅಥವಾ ಬಸ್ಸಿನ ಎಡಬದಿಯ ಸಂದಿಯಲ್ಲಿ ನುಸುಳಿ ಮುಂದೆ ಹೋಗುವ ಸವಾರನು ಚಾಲಕನಿಗೆ ಕನ್ನಡಿಯಲ್ಲಿ ಕಾಣುವುದಿಲ್ಲ. ವಾಹನ ತಿರುಗಿದಾಗ ಅದರ ಹಿಂದಿನ ಚಕ್ರಗಳು ಮುಂದಿನವುಗಳಿಗಿಂತ ಒಳಕ್ಕೆ, ಸೈಕಲ್ ಇರುವ ಕಡೆಗೇ ಸರಿಯುತ್ತವೆ. ಉಳಿತಾಯವಾಗುವುದು ಅರ್ಧ ನಿಮಿಷ. ಅಂಥಲ್ಲಿ ಹಿಂದೆ ನಿಂತು ಕಾಯುವುದೇ ಕ್ರಮ. ಬೆಸ್ಟ್ ಬಸ್ಸು ನಿಲ್ದಾಣದತ್ತ ಎಡಕ್ಕೆ ಸರಿಯುವಾಗಲೂ ಇದೇ ಮಾತು ಅನ್ವಯಿಸುತ್ತದೆ. ಮುಸ್ಸಂಜೆಯ ಮಳೆಯಲ್ಲಿ ಕಪ್ಪು ಸೈಕಲ್ಲು, ಕಪ್ಪು ರೇನ್‌ಕೋಟು ಯಾರ ಕಣ್ಣಿಗೂ ಬೀಳವು. ಹಳದಿ ಬಣ್ಣದ ಮೇಲಂಗಿ ಮತ್ತು ಹಿಂದೆ ಕೆಂಪು ದೀಪ ಇರಲೇಬೇಕು. ಮಳೆಯಿಂದ ರಕ್ಷಿಸಿಕೊಳ್ಳಲು ಒಂದು ಕೈಯಲ್ಲಿ ಕೊಡೆ ಹಿಡಿದು ಸವಾರಿ ಮಾಡುವುದಂತೂ ಬ್ರೇಕಿನ ಅರ್ಧವನ್ನು ಬಿಟ್ಟುಕೊಟ್ಟಂತೆ.

ನಿಂತ ನೀರು

2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ದಾಖಲಾಯಿತು. ಅಷ್ಟು ಮಳೆ ಅಪರೂಪ. ಆದರೆ ಹಿಂದಮಾತಾ, ಮಿಲನ್ ಸಬ್‌ವೇ, ಅಂಧೇರಿ ಸಬ್‌ವೇ ಮೊದಲಾದ ತಗ್ಗುಗಳ ಹೆಸರು ನೀರು ನಿಲ್ಲುವ ಸುದ್ದಿಯಲ್ಲಿ ಮಳೆಗಾಲದುದ್ದಕ್ಕೂ ಕೇಳಿಬರುತ್ತದೆ. 2017ರ ಆಗಸ್ಟ್ 29ರ ಮಳೆಯಲ್ಲಿ ನಗರದ ಹೆಸರಾಂತ ವೈದ್ಯರೊಬ್ಬರು ಜಲಾವೃತ ರಸ್ತೆಯಲ್ಲಿ ನಡೆದುಹೋಗುವಾಗ ತೆರೆದ ಮ್ಯಾನ್‌ಹೋಲಿಗೆ ಬಿದ್ದು ಪ್ರಾಣ ಕಳೆದುಕೊಂಡರು. ನಡೆಯುವವರಿಗೇ ಕಾಣದ ಗುಂಡಿ ಸವಾರನಿಗೆ ಕಾಣುವುದೆಂತು? ತಳ ಕಾಣದ ನೀರಿಗೆ ಸೈಕಲ್ ಇಳಿಸಬಾರದು ಎಂಬುದಕ್ಕೆ ವಿನಾಯಿತಿಯಿಲ್ಲ. ಸುತ್ತುದಾರಿಯಲ್ಲಿ ಹೋಗಬೇಕು, ಇಲ್ಲವೇ ನೀರಿಳಿಯುವವರೆಗೆ ಎತ್ತರದ ಜಾಗದಲ್ಲಿ ಕಾಯಬೇಕು. ಹಾಲು ತಡವಾದರೆ ಗಿರಾಕಿ ಗೊಣಗುವುದು ನಿಜ.

ಕೊಳಚೆನೀರಿನಲ್ಲಿ ಕಾಲು ನೆನೆದಿದ್ದರೆ ಮನೆಗೆ ಬಂದೊಡನೆ ಸೋಪು ಹಚ್ಚಿ ತೊಳೆಯಬೇಕು. ಇಲಿಗಳ ಮೂತ್ರ ಬೆರೆತ ನೀರಿನಿಂದ ಲೆಪ್ಟೊಸ್ಪೈರೋಸಿಸ್ ಜ್ವರ ಹರಡುತ್ತದೆ. ಕಾಲಿನಲ್ಲಿ ಚಿಕ್ಕ ಗಾಯವಿದ್ದರೂ ಅದು ರೋಗಾಣುವಿಗೆ ದ್ವಾರ. ಅನಂತರದ ದಿನಗಳಲ್ಲಿ ಜ್ವರ, ಮೈಕೈ ನೋವು ಕಾಣಿಸಿದರೆ ಔಷಧದಂಗಡಿಯ ಮಾತ್ರೆ ನುಂಗಿ ಕೂರದೆ ವೈದ್ಯರಿಗೆ ನೀರಿನಲ್ಲಿ ನಡೆದ ಸಂಗತಿಯನ್ನು ತಿಳಿಸಬೇಕು. ಹಬ್ಬಿನವರೆಗೆ ಮುಳುಗಿದ ಸೈಕಲ್ಲಿನ ಗ್ರೀಸನ್ನೂ ಬದಲಿಸಬೇಕಾಗುತ್ತದೆ.

ಅಭ್ಯಾಸ

ಹೊಸದಾಗಿ ಸವಾರಿ ಆರಂಭಿಸುವವರು ಮೊದಲು ಸೀಟಿನ ಎತ್ತರವನ್ನು ಸರಿಪಡಿಸಿಕೊಳ್ಳಬೇಕು. ಪೆಡಲು ಅತ್ಯಂತ ಕೆಳಗಿರುವಾಗ ಅದರ ಮೇಲೆ ಹಿಮ್ಮಡಿಯಿಟ್ಟರೆ ಕಾಲು ನೇರವಾಗಬೇಕು. ಸವಾರಿಯಲ್ಲಿ ಪಾದದ ಮುಂಭಾಗದಿಂದ ತುಳಿಯುವಾಗ ಆಗ ಮಂಡಿ ತುಸುವೇ ಬಾಗಿರುತ್ತದೆ. ಸೀಟು ತಗ್ಗಾಗಿದ್ದರೆ ಮಂಡಿ ನೋಯುತ್ತದೆ. ಆ ನೋವನ್ನು ವಯಸ್ಸಿನದೆಂದು ಭಾವಿಸಿ ಸೈಕಲ್ಲನ್ನೇ ಬಿಟ್ಟವರು ಕಡಿಮೆಯಿಲ್ಲ.

ವಾಹನ ವಿರಳವಾದ ಒಳರಸ್ತೆಯಲ್ಲಿ ಮೊದಲು ಕಲಿಯಬೇಕಾದ ಪಾಠ ವೇಗವಲ್ಲ, ಹಿಂದಿರುಗಿ ನೋಡುವುದು. ನೆಲದ ಮೇಲಿನ ಬಿಳಿಗೆರೆಯನ್ನು ಅನುಸರಿಸುತ್ತ, ಬಲಭುಜದ ಮೇಲಿಂದ ಹಿಂದೆ ನೋಡಿ, ಚಕ್ರ ಗೆರೆ ಬಿಡದಂತೆ ಮುಂದೆ ತಿರುಗಬೇಕು. ಇದು ಸಾಧ್ಯವಾದ ಮೇಲೆ ಒಂದು ಕೈ ಚಾಚಿ ಸನ್ನೆ ಮಾಡುವುದನ್ನೂ, ಆಮೇಲೆ ಐದು ಕಿಲೋ ಹೊರೆಯೊಡನೆ ಅದನ್ನೇ ಮಾಡುವುದನ್ನೂ ಅಭ್ಯಸಿಸಬಹುದು.

ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ವ್ಯಾಯಾಮ ಬೇಕೆಂಬುದು 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ನೀಡಿದ ಸಲಹೆ. ವಾರಕ್ಕೆ ಮೂರು ದಿನ ಇಪ್ಪತ್ತು ನಿಮಿಷಗಳಿಂದ ತೊಡಗಿ, ವಾರವಾರವೂ ಹತ್ತರಲ್ಲಿ ಒಂದು ಪಾಲಿನಷ್ಟು ಹೆಚ್ಚಿಸಿದರೆ ದೇಹಕ್ಕೆ ಆಯಾಸವಾಗದು. ಭಾರವಾದ ಗೇರಿನಲ್ಲಿ ಒತ್ತಿ ತುಳಿಯುವುದಕ್ಕಿಂತ ಹಗುರವಾಗಿ ನಿಮಿಷಕ್ಕೆ ಅರವತ್ತರಿಂದ ಎಂಬತ್ತು ಸುತ್ತು ತಿರುಗಿಸುವುದು ಮಂಡಿಗೆ ಹಿತ. ಪಕ್ಕದವರೊಡನೆ ಮಾತನಾಡಲು ಉಸಿರು ಸಾಲದಾದರೆ ವೇಗ ಮಿತಿಮೀರಿದೆ ಎಂದು ತಿಳಿಯಬಹುದು. ಮುಂಬಯಿಯ ತೇವಭರಿತ ಗಾಳಿಯಲ್ಲಿ ಬೆವರು ಆರುವುದಿಲ್ಲವಾದ್ದರಿಂದ ಬಾಯಾರುವ ಮುನ್ನವೇ ಗುಟುಕು ಗುಟುಕಾಗಿ ನೀರು ಕುಡಿಯಬೇಕು.

ಸಮತಟ್ಟಾದ ಅಭ್ಯಾಸಕ್ಕೆ ಬೆಳಗಿನ ಮರೀನ್ ಡ್ರೈವ್ ಒಳ್ಳೆಯ ಸ್ಥಳ. ಅದರ ಉದ್ದ ಸುಮಾರು ಮೂರೂವರೆ ಕಿಲೋಮೀಟರ್. ಉಪನಗರದವರಿಗೆ ಆರೆ ಕಾಲೊನಿಯ ಏರಿಳಿತದ ರಸ್ತೆಯುಂಟು. ಏರು ಹತ್ತುವ ಶಕ್ತಿ ಬೆಳೆಸಿಕೊಳ್ಳಬಯಸುವವರು ಭಾನುವಾರ ಮುಂಜಾನೆ ಮಲಬಾರ್ ಹಿಲ್ ಹತ್ತಬಹುದು. ಗುಡ್ಡ ಸಮುದ್ರಮಟ್ಟದಿಂದ ಸುಮಾರು 50 ಮೀಟರ್ ಎತ್ತರವಷ್ಟೇ. ಹತ್ತುವಾಗ ಮೊದಲ ತಿರುವಿನಲ್ಲಿಯೇ ಬಲವನ್ನೆಲ್ಲ ವ್ಯಯಿಸದೆ, ಕುಳಿತೇ ಸಮಗತಿಯಲ್ಲಿ ತುಳಿಯಬೇಕು. ಇಳಿಯುವಾಗ ಬ್ರೇಕುಗಳೆರಡರ ಮೇಲೂ ಬೆರಳುಗಳಿರಬೇಕು; ರಸ್ತೆ ಒದ್ದೆಯಾಗಿದ್ದರೆ ಇಳಿಜಾರು ಮೊದಲಾಗುವ ಮುನ್ನವೇ ರಿಮ್ಮನ್ನು ಒಮ್ಮೆ ಒರೆಸಿಕೊಂಡಿರಬೇಕು.