ಊರಿಗೆ ಹೊರಡುವ ಮುನ್ನ ಕಾರಿನ ಬ್ಯಾಟರಿ: ಶೋಳಿಂಗನಲ್ಲೂರಿನವರಿಗೆ ಎಂಟು ಸೂತ್ರಗಳು

ಚೆನ್ನೈನ ಓಎಂಆರ್ ರಸ್ತೆಯ ಐಟಿ ಕಚೇರಿಗಳಲ್ಲಿ ಕೆಲಸ ಹಿಡಿದು ಶೋಳಿಂಗನಲ್ಲೂರಿನಲ್ಲಿ ಮನೆ ಮಾಡಿದ ಕನ್ನಡಿಗರಿದ್ದಾರೆ. ಕಾರು ವಾರಗಟ್ಟಲೆ ಅಪಾರ್ಟ್‌ಮೆಂಟಿನ ಕೆಳಗೆ ನಿಂತಿರುತ್ತದೆ. ಹಬ್ಬ ಬಂತೆಂದರೆ ವೇಲೂರು, ಕೃಷ್ಣಗಿರಿ, ಹೊಸೂರು ದಾಟಿ ಓಡಬೇಕು. ಬ್ಯಾಟರಿ ಕೈಕೊಡುವುದೂ ಅಂಥ ಬೆಳಗ್ಗೆಯೇ. ಅದಕ್ಕೆ ಮೊದಲೇ ಬದಲಿಸುವುದು ಜಾಣತನ, ಸರಿಯಾಗಿ ಬದಲಿಸುವುದು ಇನ್ನೂ ಮುಖ್ಯ.

1. ಮೂರು ವರ್ಷ ತುಂಬಿದ ಮೇಲೆ ಕಣ್ಣಿಡಿ. ಬ್ಯಾಟರಿಗೆ ಶತ್ರು ಬಿಸಿ. ಉಷ್ಣತೆ ಸುಮಾರು 10 ಡಿಗ್ರಿ ಏರಿದರೆ ಒಳಗಿನ ಸವೆತದ ವೇಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಮೇ ತಿಂಗಳ ಕತ್ತಿರಿ ಬಿಸಿಲಿನಲ್ಲಿ, ಮೆಟ್ರೊ ಕಾಮಗಾರಿಯ ನಡುವೆ ತೆವಳುವ ಕಾರಿನ ಬಾನೆಟ್ ಕೆಳಗಿನ ಕಾವನ್ನು ಊಹಿಸಿಕೊಳ್ಳಿ. ಬೆಂಗಳೂರಿನಲ್ಲಿ ಐದು ವರ್ಷ ಬಾಳಿದ ಬ್ಯಾಟರಿ ಇಲ್ಲೂ ಅಷ್ಟು ಬಾಳೀತೆಂದು ನಂಬಬೇಡಿ.

2. ಅಳೆಯದೆ ಕೊಳ್ಳಬೇಡಿ. ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿ ಮಲ್ಟಿಮೀಟರಿನಲ್ಲಿ 12.6 ವೋಲ್ಟ್ ತೋರಿಸಿದರೆ ಪೂರ್ತಿ ಚಾರ್ಜ್ ಇದೆ, 12.2 ಎಂದರೆ ಅರ್ಧ. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5 ಬರಬೇಕು. ಎಂಜಿನ್ ಓಡುತ್ತಿದ್ದರೂ ವೋಲ್ಟೇಜ್ ಏರದೇ ಇಳಿಯುತ್ತಲೇ ಹೋದರೆ ಆಲ್ಟರ್ನೇಟರ್ ನೋಡಿಸಿ, ಇಲ್ಲದಿದ್ದರೆ ಹೊಸ ಬ್ಯಾಟರಿಯೂ ಮಲಗುತ್ತದೆ. ವೋಲ್ಟೇಜ್ ಸರಿಯಿದ್ದೂ ಸೆಲ್ಫ್ ಎತ್ತದ ಬ್ಯಾಟರಿಯುಂಟು. ಅಂಗಡಿಯಲ್ಲಿ ಲೋಡ್ ಟೆಸ್ಟ್ ಮಾಡಿಸಿ.

3. ನಿಂತ ಕಾರೂ ಕರೆಂಟ್ ತಿನ್ನುತ್ತದೆ. ಅಲಾರಂ, ರಿಮೋಟ್ ಕೀ, ಟ್ರ್ಯಾಕರ್ ಎಲ್ಲ ಸೇರಿ 50 ಮಿಲಿಆಂಪಿಯರ್ ಎಳೆದರೂ ದಿನಕ್ಕೆ 1.2, ತಿಂಗಳಿಗೆ 36 ಆಂಪಿಯರ್-ಅವರ್ ಖಾಲಿ. 45ರ ಬ್ಯಾಟರಿಯಲ್ಲಿ ಉಳಿಯುವುದೆಷ್ಟು? ಇಂಥ ಬ್ಯಾಟರಿ ಸತ್ತಿಲ್ಲ, ಹಸಿದಿದೆ. ಮೊದಲು ಚಾರ್ಜರ್ ಹಾಕಿ ನೋಡಿ.

4. ಬಗೆ ಬದಲಿಸಬೇಡಿ. ಸಿಗ್ನಲ್‌ನಲ್ಲಿ ತಾನೇ ಆಫ್ ಆಗಿ ತಾನೇ ಸ್ಟಾರ್ಟ್ ಆಗುವ ಕಾರಿಗೆ ಕಾರ್ಖಾನೆಯಿಂದ ಇಎಫ್‌ಬಿ ಅಥವಾ ಎಜಿಎಂ ಬ್ಯಾಟರಿ ಬಂದಿರುತ್ತದೆ. ಪದೇ ಪದೇ ಖಾಲಿಯಾಗಿ ತುಂಬುವುದನ್ನು ತಾಳುವಂತೆ ಅವನ್ನು ಕಟ್ಟಿರುತ್ತಾರೆ. "ಸಾಮಾನ್ಯದ್ದೂ ಕೂರುತ್ತೆ ಸಾರ್, ಬೆಲೆ ಕಡಿಮೆ" ಎನ್ನುವ ಮಾತಿಗೆ ಮರುಳಾಗಬೇಡಿ. ಕೂರುತ್ತದೆ, ನಿಜ, ಓಎಂಆರ್ ಟ್ರಾಫಿಕ್ಕಿನಲ್ಲಿ ಬಾಳುವುದಿಲ್ಲ. ಎಜಿಎಂ ಇದ್ದಲ್ಲಿ ಎಜಿಎಂ, ಇಎಫ್‌ಬಿ ಇದ್ದಲ್ಲಿ ಇಎಫ್‌ಬಿ ಅಥವಾ ಅದಕ್ಕಿಂತ ಮೇಲಿನದು. ಮಾರುತಿಯ ಕೆಲವು ಸ್ಮಾರ್ಟ್ ಹೈಬ್ರಿಡ್ ಕಾರುಗಳಲ್ಲಿ ಸೀಟಿನ ಕೆಳಗೆ ಇನ್ನೊಂದು ಪುಟ್ಟ ಲಿಥಿಯಂ ಬ್ಯಾಟರಿಯಿದೆ. ಅದಕ್ಕೆ ಕೈ ಹಾಕಬೇಡಿ. ಎಲೆಕ್ಟ್ರಿಕ್ ಕಾರಿನವರೂ ಮೈಮರೆಯುವಂತಿಲ್ಲ. ಅದರ 12 ವೋಲ್ಟಿನ ಬ್ಯಾಟರಿ ಸತ್ತರೆ, ದೊಡ್ಡ ಬ್ಯಾಟರಿ ತುಂಬಿದ್ದರೂ ಕಾರು ಎಚ್ಚರಗೊಳ್ಳುವುದಿಲ್ಲ.

5. ಅಳತೆ, ಆಂಪಿಯರ್-ಅವರ್, ಪ್ಲಸ್ ಯಾವ ಕಡೆ ಎಂಬುದನ್ನು ಹಳೆಯದರ ಜೊತೆ ಹೋಲಿಸಿ. ತಯಾರಾದ ತಿಂಗಳು ಕೇಳಿ. ಅಂಗಡಿಯಲ್ಲಿ ಬಹುಕಾಲ ಕೂತ ಮಾಲು ಬೇಡ. ವಾರಂಟಿ ಕಾರ್ಡಿಗೆ ಸೀಲು, ತಾರೀಖು ಬೀಳಲಿ.

6. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಮೈನಸ್ ಇನ್ನೂ ಕಟ್ಟಿರುವಾಗ ಪ್ಲಸ್ ಬಿಚ್ಚಹೋದ ಸ್ಪ್ಯಾನರ್ ಬಾಡಿಗೆ ತಗುಲಿದರೆ ನೇರ ಶಾರ್ಟ್. ಎಂಜಿನ್ ಆಫ್ ಮಾಡಿ ಕೆಲವು ನಿಮಿಷ ಬಿಡಿ, ಒಳಗಿನ ಕಂಪ್ಯೂಟರುಗಳು ಮಲಗಲಿ. ಕೀ ನಿಮ್ಮ ಜೇಬಿನಲ್ಲಿರಲಿ, ಕಾರಿನೊಳಗಲ್ಲ. ಸಮುದ್ರದ ಉಪ್ಪುಗಾಳಿ ಹತ್ತಿರವೇ ಇರುವುದರಿಂದ ಟರ್ಮಿನಲ್ ಮೇಲೆ ಬಿಳಿ-ಹಸಿರು ಪುಡಿ ಕಟ್ಟಿರಬಹುದು. ಅಡುಗೆ ಸೋಡಾ ಬೆರೆಸಿದ ನೀರಿನಿಂದ ಕ್ಲ್ಯಾಂಪ್ ತೊಳೆದು ಒಣಗಿಸಿ. ಆ ನೀರು ಬ್ಯಾಟರಿಯೊಳಗೆ ಇಳಿಯಬಾರದು. ಬ್ಯಾಟರಿ ಅಲುಗದಂತೆ ಹಿಡಿದಿಡುವ ಪಟ್ಟಿಯನ್ನು ಬಿಗಿಯಾಗಿ ಕಟ್ಟಿಸಿ, ಅದನ್ನು ಮರೆಯುವ ಮೆಕ್ಯಾನಿಕ್‌ಗಳಿದ್ದಾರೆ.

7. ಹೊಸದು ಬಂದಿದೆಯೆಂದು ಕಾರಿಗೆ ತಿಳಿಸಿ. ಮೈನಸ್ ತುದಿಯಲ್ಲಿ ಪುಟ್ಟ ಸೆನ್ಸರ್ ಇದ್ದರೆ, ಕಾರು ಬ್ಯಾಟರಿಯ ಲೆಕ್ಕ ಇಡುತ್ತಿದೆ ಎಂದರ್ಥ. ಬಿಎಂಡಬ್ಲ್ಯು, ಔಡಿಯಂಥ ಕಾರುಗಳಲ್ಲಿ ಸ್ಕ್ಯಾನರ್ ಹಚ್ಚಿ ಹೊಸ ಬ್ಯಾಟರಿಯನ್ನು ನೋಂದಾಯಿಸಬೇಕು. ಇಲ್ಲವಾದರೆ ಮುದಿ ಬ್ಯಾಟರಿಗೆ ಕೊಡುತ್ತಿದ್ದ ಚಾರ್ಜನ್ನೇ ಹೊಸದಕ್ಕೂ ಕೊಟ್ಟು ಬೇಗ ಕೆಡಿಸುತ್ತದೆ. ದುಡ್ಡು ಕೊಡುವ ಮೊದಲೇ "ಇದನ್ನು ಮಾಡುತ್ತೀರಾ?" ಎಂದು ಕೇಳಿ. ಸಾಧಾರಣ ಕಾರುಗಳಲ್ಲಿ ಗಡಿಯಾರ, ಕಿಟಕಿಯ ಆಟೋ ಸ್ವಿಚ್ ಸರಿಮಾಡಿಕೊಂಡರೆ ಸಾಕು. ಸ್ಟೀರಿಂಗ್ ದೀಪ ಉರಿದರೆ ಬಹುತೇಕ ಕಾರುಗಳಲ್ಲಿ ಸ್ವಲ್ಪ ದೂರ ಓಡಿಸಿದಾಗ ಆರುತ್ತದೆ.

8. ಹಳೆಯದನ್ನು ಗುಜರಿಗೆ ಹಾಕಬೇಡಿ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿ ವಾಪಸು ಪಡೆದು ಮರುಬಳಕೆಗೆ ಕಳಿಸುವ ಹೊಣೆ ತಯಾರಕರದು. ಗುಜರಿಗೆ ಹೋದ ಬ್ಯಾಟರಿಯ ಸೀಸವನ್ನು ಬಯಲಲ್ಲಿ ಕರಗಿಸಿದರೆ ಅದರ ವಿಷ ಮೊದಲು ತಟ್ಟುವುದು ಸುತ್ತಲಿನ ಮಕ್ಕಳ ಮಿದುಳಿಗೆ. ಹೊಸದನ್ನು ಕೊಂಡ ಅಂಗಡಿಗೇ ಹಳೆಯದನ್ನು ಒಪ್ಪಿಸಿ, ಅದರ ಬೆಲೆಯನ್ನು ಬಿಲ್ಲಿನಲ್ಲಿ ಕಡಿತ ಮಾಡಿಸಿಕೊಳ್ಳಿ.