ಹೊಂಡದ ಮೀನು ತಿಂಗಳ ಬಡ್ಡಿ ಕೊಡುವುದಿಲ್ಲ

ಮರಿ ಬಿಟ್ಟ ದಿನದಿಂದ ಬಲೆ ಎಳೆಯುವವರೆಗೆ ಕಾಟ್ಲಾ, ರೋಹು ಮೀನುಗಳಿಗೆ ಎಂಟರಿಂದ ಹನ್ನೆರಡು ತಿಂಗಳು ಬೇಕು. ಅಲ್ಲಿಯವರೆಗೆ ಹೊಂಡಕ್ಕೆ ಹಣ ಸುರಿಯಬೇಕೇ ಹೊರತು ಹೊಂಡದಿಂದ ಏನೂ ಬರುವುದಿಲ್ಲ. ಹೀಗಿರುವಾಗ ‘1 ಲಕ್ಷ ಹಾಕಿ, ಮುಂದಿನ ತಿಂಗಳಿನಿಂದಲೇ 5 ಸಾವಿರ ನಿಮ್ಮ ಖಾತೆಗೆ’ ಎಂದು ಮೀನು ಸಾಕಣೆ ಕಂಪನಿಯ ಏಜೆಂಟ್ ಹೇಳಿದರೆ, ಆ 5 ಸಾವಿರ ಎಲ್ಲಿಂದ ಬರುತ್ತದೆ ಎಂದು ಕೇಳಲೇಬೇಕು. ಹೊಸದಾಗಿ ಶುರುವಾದ ಹೊಂಡದ ಮೀನಿನಿಂದ ಅದು ಬರಲು ಸಾಧ್ಯವಿಲ್ಲ. ಒಂದೋ ನಿಮ್ಮ ಹಣದಲ್ಲೇ ಸ್ವಲ್ಪ ನಿಮಗೆ ವಾಪಸ್ ಬರುತ್ತಿರುತ್ತದೆ, ಇಲ್ಲವೇ ನಿಮ್ಮ ನಂತರ ಸೇರಿದವರ ಹಣ.

‘ನಮ್ಮಲ್ಲಿ ಹತ್ತಾರು ಹೊಂಡಗಳಿವೆ, ಪ್ರತಿ ತಿಂಗಳೂ ಒಂದೊಂದರಲ್ಲಿ ಮೀನು ಹಿಡಿಯುತ್ತೇವೆ’ ಎಂಬ ಉತ್ತರ ಬರಬಹುದು. ಅದು ನಿಜವಿರಲೂಬಹುದು. ನಿಜವಾಗಿದ್ದರೆ ಪ್ರತಿ ತಿಂಗಳ ಮಾರಾಟದ ಬಿಲ್ಲು ಇರುತ್ತದೆ, ತೂಕದ ಚೀಟಿ ಇರುತ್ತದೆ, ವ್ಯಾಪಾರಿಯ ಖಾತೆಯಿಂದ ಹಣ ಬಂದ ದಾಖಲೆ ಇರುತ್ತದೆ. ಕಳೆದ ಆರು ತಿಂಗಳದ್ದು ತೋರಿಸಲು ಹೇಳಿ.

ಕಲಬುರಗಿಯ ಓದುಗರಿಗೆ ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ತೊಗರಿ ಮಾರಿದ ಹಣ, ನಿವೃತ್ತಿಯಲ್ಲಿ ಬಂದ ಗಂಟು, ಮಗಳ ಮದುವೆಗೆ ಕೂಡಿಟ್ಟದ್ದು ಇಂಥ ಕಡೆ ಸುಲಭವಾಗಿ ಹೋಗುತ್ತದೆ. ಜಮೀನಿನ ಹೆಸರಿನಲ್ಲಿ ಹಣ ಸಂಗ್ರಹಿಸಿದ ಪಿಎಸಿಎಲ್‌ಗೆ 49,100 ಕೋಟಿ ರೂಪಾಯಿ ಹಿಂದಿರುಗಿಸುವಂತೆ ಷೇರುಪೇಟೆ ನಿಯಂತ್ರಕ ಸಂಸ್ಥೆ ಸೆಬಿ ಆದೇಶಿಸಿದ್ದು 2014ರಲ್ಲಿ. ಹಾಗೆಯೇ ಹಣ ಸಂಗ್ರಹಿಸಿದ್ದ ಆಂಧ್ರದ ಆ್ಯಗ್ರಿಗೋಲ್ಡ್ ಕಂಪನಿ ಮುಳುಗಿದಾಗ ಕರ್ನಾಟಕದ ಸಣ್ಣ ಹೂಡಿಕೆದಾರರೂ ಬೀದಿಗೆ ಬಂದರು. ತಮಿಳುನಾಡಿನ ಪೆರುಂದುರೈಯ ಸುಸಿ ಎಮು ಫಾರ್ಮ್ಸ್ ಎಮು ಮರಿ, ಶೆಡ್ಡು, ತಿಂಗಳ ಹಣ ಎಂದು ಆಸೆ ಹುಟ್ಟಿಸಿ 2012ರಲ್ಲಿ ಬಾಗಿಲು ಹಾಕಿತು. ಎಮು ಹಕ್ಕಿ ಇದ್ದದ್ದು ನಿಜ, ಅದನ್ನು ಕೊಳ್ಳುವ ಮಾರುಕಟ್ಟೆ ಇರಲಿಲ್ಲ. ಮೀನಿಗೆ ಮಾರುಕಟ್ಟೆ ಇದೆ, ಅದೇ ಅದರ ಬಲ. ಆದ್ದರಿಂದ ಮೀನಿನ ಮೇಲೆ ಹಣ ಹಾಕುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಯಾರಿಗೆ, ಯಾವ ರೂಪದಲ್ಲಿ, ಏನು ನೋಡಿ ಕೊಡಬೇಕು ಎಂಬುದಷ್ಟೇ ಇಲ್ಲಿನ ವಿಷಯ.

ಮೊದಲ ಹೆಜ್ಜೆ: ಕೊಡುವ ಹಣ ಷೇರೋ, ಠೇವಣಿಯೋ?

ಏಜೆಂಟರು ‘ಹೂಡಿಕೆ’ ಎಂದಷ್ಟೇ ಹೇಳುತ್ತಾರೆ. ನೀವು ಪಟ್ಟು ಹಿಡಿದು ಕೇಳಿ. ಷೇರಾದರೆ ನೀವು ಕಂಪನಿಯ ಪಾಲುದಾರರು, ಲಾಭ ಬಂದರೆ ಮಾತ್ರ ಲಾಭಾಂಶ, ನಷ್ಟವಾದರೆ ನಷ್ಟ. ಷೇರಿಗೆ ‘ಖಚಿತ ಆದಾಯ’ ಎಂಬುದೇ ಇಲ್ಲ. ಪ್ರೈವೇಟ್ ಲಿಮಿಟೆಡ್ ಕಂಪನಿ ಜಾಹೀರಾತು ಕೊಟ್ಟು, ಕರಪತ್ರ ಹಂಚಿ, ಹೋಟೆಲಿನಲ್ಲಿ ಸಭೆ ಕರೆದು ಸಾರ್ವಜನಿಕರಿಗೆ ಷೇರು ಮಾರುವಂತಿಲ್ಲ. ಹೆಸರಿಸಿ ಕೊಟ್ಟ ಪತ್ರದ ಮೂಲಕ ವರ್ಷಕ್ಕೆ 200 ಜನರಿಗಷ್ಟೇ ಅದು ಷೇರು ನೀಡಬಹುದು, ಹಣವನ್ನು ಬ್ಯಾಂಕ್ ಮೂಲಕವೇ ಪಡೆಯಬೇಕು. ನಗದು ಕೇಳಿದರೆ ಅಲ್ಲಿಂದ ಎದ್ದು ಬನ್ನಿ.

ಠೇವಣಿಯಾದರೆ ನಿಯಮ ಇನ್ನೂ ಬಿಗಿ. 2013ರ ಕಂಪನಿ ಕಾಯ್ದೆಯ ಪ್ರಕಾರ ಸಾರ್ವಜನಿಕರಿಂದ ಠೇವಣಿ ಪಡೆಯಲು ಪಬ್ಲಿಕ್ ಕಂಪನಿಯೇ ಆಗಿರಬೇಕು, ಅದಕ್ಕೆ ಕನಿಷ್ಠ 100 ಕೋಟಿ ನಿವ್ವಳ ಮೌಲ್ಯ ಅಥವಾ 500 ಕೋಟಿ ವಹಿವಾಟು ಇರಬೇಕು. ಬಡ್ಡಿಯ ಗರಿಷ್ಠ ಮಿತಿ ವರ್ಷಕ್ಕೆ ಶೇ 12.5. ತಿಂಗಳಿಗೆ ಶೇ 5 ಎಂದರೆ ವರ್ಷಕ್ಕೆ ಶೇ 60 ಆಯಿತು. ಕಾನೂನು ಎಲ್ಲಿ, ಆ ಮಾತು ಎಲ್ಲಿ.

ಮೂರನೆಯ ಬಗೆಯೂ ಉಂಟು: ‘ಈ ಟ್ಯಾಂಕ್ ನಿಮ್ಮದು, ಮರಿಯೂ ನಿಮ್ಮದು, ಸಾಕುವುದು ಮಾತ್ರ ನಾವು’. ಹಲವರ ಹಣ ಒಟ್ಟುಗೂಡಿಸಿ, ಅವರ ದಿನನಿತ್ಯದ ಹಿಡಿತವಿಲ್ಲದೆ ಬೇರೊಬ್ಬರು ನಡೆಸಿ, ಲಾಭ ಹಂಚುವುದನ್ನು ಸೆಬಿ ಕಾಯ್ದೆ ಸಾಮೂಹಿಕ ಹೂಡಿಕೆ ಯೋಜನೆ ಎನ್ನುತ್ತದೆ. 1990ರ ದಶಕದ ಸಾಗುವಾನಿ ತೋಟದ ಕಂಪನಿಗಳ ಹಾವಳಿಯ ನಂತರ 1999ರಲ್ಲಿ ಇದಕ್ಕೆ ನಿಯಮಾವಳಿ ಬಂತು. ಸೆಬಿ ನೋಂದಣಿ ಸಂಖ್ಯೆ ಕೇಳಿ, ಸೆಬಿ ಜಾಲತಾಣದಲ್ಲಿ ಹುಡುಕಿ ನೋಡಿ. ‘ಬಾಂಡ್ ಪೇಪರ್ ಮೇಲೆ ಬರೆದುಕೊಡುತ್ತೇವೆ, ಮುಂದಿನ ದಿನಾಂಕದ ಚೆಕ್ ಕೊಡುತ್ತೇವೆ’ ಎಂದರೆ ಸಮಾಧಾನ ಪಡಬೇಡಿ. ಚೆಕ್ ಬೌನ್ಸ್ ಪ್ರಕರಣ ಗೆದ್ದರೂ ಕಂಪನಿಯ ಖಾತೆ ಬರಿದಾಗಿದ್ದರೆ ವಸೂಲಿ ಎಲ್ಲಿಂದ?

ಎರಡನೆಯ ಹೆಜ್ಜೆ: ಕಂಪನಿಯ ಜಾತಕ

ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಕಂಪನಿಯ ಹೆಸರು ಹಾಕಿದರೆ 21 ಅಕ್ಷರ-ಅಂಕಿಗಳ ಗುರುತಿನ ಸಂಖ್ಯೆ ಸಿಗುತ್ತದೆ. ಅದರ ಮೊದಲ ಅಕ್ಷರ ‘ಎಲ್’ ಆದರೆ ಷೇರುಪೇಟೆಯಲ್ಲಿ ನೋಂದಾಯಿತ, ‘ಯು’ ಆದರೆ ಅಲ್ಲ. ನಡುವೆ ರಾಜ್ಯದ ಸಂಕೇತ, ನೋಂದಣಿಯಾದ ವರ್ಷ ಇರುತ್ತವೆ. ‘ಹತ್ತು ವರ್ಷದ ಅನುಭವ’ ಎಂದವರ ಕಂಪನಿ ಹೋದ ವರ್ಷ ಹುಟ್ಟಿದ್ದರೆ ಅಲ್ಲೇ ಗೊತ್ತಾಗುತ್ತದೆ. ಸಣ್ಣ ಶುಲ್ಕ ಕಟ್ಟಿದರೆ ಸಲ್ಲಿಸಿದ ದಾಖಲೆಗಳನ್ನೂ ನೋಡಬಹುದು. ನಿರ್ದೇಶಕರು ಯಾರು, ಲೆಕ್ಕಪತ್ರ ಸಲ್ಲಿಸಿದ್ದಾರೆಯೇ, ಆಸ್ತಿಯ ಮೇಲೆ ಸಾಲವಿದೆಯೇ ಎಂದು ನೋಡಿ. ನೋಂದಣಿ ಎಂದರೆ ಸರ್ಕಾರದ ಖಾತರಿ ಅಲ್ಲ.

ರೈತ ಉತ್ಪಾದಕರ ಕಂಪನಿ ಎಂದು ಹೇಳಿಕೊಂಡರೆ ಒಂದು ವಿಷಯ ನೆನಪಿರಲಿ: ಅದರ ಸದಸ್ಯರಾಗಲು ನೀವು ಉತ್ಪಾದಕರೇ ಆಗಿರಬೇಕು. ಕಲಬುರಗಿಯಲ್ಲಿ ನೌಕರಿ ಮಾಡಿಕೊಂಡು ಹಣ ಮಾತ್ರ ಹಾಕುವವರಿಗೆ ಅಲ್ಲಿ ಷೇರು ಸಿಗುವುದಿಲ್ಲ.

‘ಮೀನು ಕೃಷಿ ಆದಾಯಕ್ಕೆ ತೆರಿಗೆಯೇ ಇಲ್ಲ’ ಎಂಬ ಮಾತೂ ಸುಳ್ಳು. ಆದಾಯ ತೆರಿಗೆಯ ಲೆಕ್ಕದಲ್ಲಿ ಮೀನು ಸಾಕಣೆಯ ಆದಾಯ ಕೃಷಿ ಆದಾಯವಲ್ಲ.

ಮೂರನೆಯ ಹೆಜ್ಜೆ: ಕಮಲಾಪುರಕ್ಕೆ ಹೋಗಿ, ಅದೂ ಬೇಸಿಗೆಯಲ್ಲಿ

ಏಜೆಂಟ್ ಹೇಳುವ ಹೊಂಡ ಕಮಲಾಪುರದ ಕಡೆಯದು ಎಂದಿಟ್ಟುಕೊಳ್ಳಿ. ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದರೆ ಕಮಲಾಪುರ ದೂರವೇನಲ್ಲ. ಕೆಂಬಾಳೆಗೆ ಹೆಸರಾದ ಊರು, ಈಗ ತಾಲ್ಲೂಕು ಕೇಂದ್ರ. ಬೆಳಕೋಟಾ ಬಳಿಯ ಗಂಡೋರಿ ನಾಲಾ ಜಲಾಶಯ ಈ ಭಾಗದ್ದೇ. ಸುತ್ತ ನೀರಿದೆ ಎಂಬುದು ಕೇಳಲು ಚೆಂದ. ಕಂಪನಿಯ ಹೊಂಡಕ್ಕೆ ನೀರು ಎಲ್ಲಿಂದ ಎಂಬುದು ಬೇರೆ ಪ್ರಶ್ನೆ.

ಒಂದು ಹೆಕ್ಟೇರ್, ಅಂದರೆ ಸುಮಾರು ಎರಡೂವರೆ ಎಕರೆ ಹೊಂಡದಲ್ಲಿ ಒಂದೂವರೆ ಮೀಟರ್ ನೀರು ನಿಲ್ಲಿಸಲು ಒಂದೂವರೆ ಕೋಟಿ ಲೀಟರ್ ಬೇಕು. ಏಪ್ರಿಲ್-ಮೇ ತಿಂಗಳಲ್ಲಿ ನಮ್ಮ ಬಿಸಿಲಿಗೆ ದಿನಕ್ಕೆ ಒಂದು ಸೆಂಟಿಮೀಟರ್ ಆವಿಯಾದರೂ 1 ಲಕ್ಷ ಲೀಟರ್ ಹೋಯಿತು. ಅಷ್ಟನ್ನು ದಿನವೂ ತುಂಬುವ ಬೋರ್‌ವೆಲ್ ಇದೆಯೇ? ತ್ರೀ ಫೇಸ್ ವಿದ್ಯುತ್ ಎಷ್ಟು ಹೊತ್ತು? ಎರೆಮಣ್ಣಾದರೆ ನೀರು ಹಿಡಿಯುತ್ತದೆ. ಕೆಂಪು, ಮೊರಂ ಮಣ್ಣಾದರೆ ಇಂಗಿಹೋಗುತ್ತದೆ, ಪಾಲಿಥಿನ್ ಹಾಳೆ ಹಾಸಬೇಕು. ಮಳೆಗಾಲದಲ್ಲಿ ತೆಗೆದ ವಿಡಿಯೊ ನೋಡಿ ಹಣ ಹಾಕಬೇಡಿ.

ಹೊಂಡದ ಸರ್ವೆ ನಂಬರ್ ಬರೆದುಕೊಂಡು ಪಹಣಿ ತೆಗೆಸಿ. ಜಮೀನು ಕಂಪನಿಯದ್ದೋ, ಬಾಡಿಗೆಯದ್ದೋ ನೋಡಿ. ಬಾಡಿಗೆಯಾದರೆ ನೋಂದಾಯಿತ ಕರಾರು ಎಷ್ಟು ವರ್ಷಕ್ಕೆ ಎಂದು ಕೇಳಿ. ಋಣಭಾರ ಪತ್ರವನ್ನೂ ತೆಗೆಸಿ.

ದಡದಲ್ಲಿ ನಿಂತಾಗ ಮಾಡಬೇಕಾದ ಕೆಲಸ ಇನ್ನೂ ಮುಖ್ಯ. ಹೇಳದೆ ಕೇಳದೆ, ನಸುಕಿನಲ್ಲಿ ಹೋಗಿ. ನೀರಿನಲ್ಲಿ ಆಮ್ಲಜನಕ ತೀರಾ ಕಡಿಮೆಯಿರುವುದು ಸೂರ್ಯ ಹುಟ್ಟುವ ಮುನ್ನ. ಆಗ ಮೀನುಗಳು ಮೇಲಕ್ಕೆ ಬಂದು ಬಾಯಿ ತೆರೆದು ಗುಟುಕರಿಸುತ್ತಿದ್ದರೆ ಹೊಂಡ ಅಪಾಯದಲ್ಲಿದೆ. ಏರೇಟರ್ ಓಡುತ್ತಿದೆಯೇ, ಜನರೇಟರ್ ಇದೆಯೇ ನೋಡಿ. ಬೆಳಕು ಹರಿದ ಮೇಲೆ ದಡದಲ್ಲಿ ಕುಳಿತು ತೋಳನ್ನು ಮೊಣಕೈವರೆಗೆ ನೀರಿಗೆ ಇಳಿಸಿ. ತಿಳಿಹಸಿರು ನೀರಿನಲ್ಲಿ ಅಂಗೈ ಆ ಹೊತ್ತಿಗೆ ಮಸುಕಾಗಿ ಮರೆಯಾಗಬೇಕು, ಹಾಗಾದರೆ ಮೀನಿಗೆ ಬೇಕಾದ ಪಾಚಿ, ಸೂಕ್ಷ್ಮಜೀವಿಗಳು ಹದವಾಗಿವೆ. ಬೆರಳು ಸ್ಪಷ್ಟವಾಗಿ ಕಂಡರೆ ನೀರು ಬರಡು, ಮೇಲೆಯೇ ಮರೆಯಾದರೆ ಅತಿಯಾಗಿದೆ. ಆಮೇಲೆ ಬೀಸುಬಲೆ ಹಾಕಿಸಿ, ಸಿಕ್ಕ ಮೀನನ್ನು ತೂಗಿಸಿ. ತಿಂಗಳಿಗೊಮ್ಮೆ ಹೀಗೆ ತೂಗಿ ಬರೆದಿಡುವುದು ಸಾಕುವವರ ಮಾಮೂಲು ಪದ್ಧತಿ, ಆ ಪುಸ್ತಕ ಕೇಳಿ.

ನಾಲ್ಕನೆಯ ಹೆಜ್ಜೆ: ಆಹಾರದ ಚೀಲ ಎಣಿಸಿ

ನನ್ನ ಮಟ್ಟಿಗೆ ಎಲ್ಲಕ್ಕಿಂತ ಗಟ್ಟಿ ಪರೀಕ್ಷೆ ಇದು. ನೀರಿನೊಳಗಿನ ಮೀನನ್ನು ಎಣಿಸಲಾಗದು, ಆದರೆ ಮೀನು ತಿನ್ನದೆ ಇರದು. ಕಾಟ್ಲಾ, ರೋಹುವಿನಂಥ ಗೆಂಡೆ ಮೀನು ದಿನಕ್ಕೆ ತನ್ನ ಮೈತೂಕದ ಸುಮಾರು ಶೇ 2ರಷ್ಟು ಆಹಾರ ತಿನ್ನುತ್ತದೆ. ಹೊಂಡದಲ್ಲಿ ಅರ್ಧ ಕಿಲೋದ 5,000 ಮೀನುಗಳಿವೆ ಎಂದರೆ ಒಟ್ಟು ತೂಕ 2,500 ಕಿಲೋ. ದಿನಕ್ಕೆ 50 ಕಿಲೋ, ತಿಂಗಳಿಗೆ 1,500 ಕಿಲೋ ಆಹಾರ ಬೇಕು. ಗೋದಾಮಿನಲ್ಲಿ ಅಷ್ಟು ಚೀಲ ಬಂದುಹೋಗಿದ್ದಕ್ಕೆ ಬಿಲ್ಲು, ಲಾರಿ ಚೀಟಿ ಇರಲೇಬೇಕು. ‘ಹತ್ತು ಹೊಂಡ, ಐವತ್ತು ಸಾವಿರ ಮೀನು’ ಎನ್ನುವವರ ಗೋದಾಮಿನಲ್ಲಿ ನಾಲ್ಕು ಚೀಲ ಬಿದ್ದಿದ್ದರೆ ಮೀನು ಕಾಗದದಲ್ಲಿ ಮಾತ್ರ ಇದೆ.

ಈಗ ಲಾಭದ ಲೆಕ್ಕ. ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆ 2020ರಲ್ಲಿ ಶುರುವಾದಾಗ ಹೆಕ್ಟೇರ್ ಹೊಂಡ ತೋಡಲು 7 ಲಕ್ಷ, ಮರಿ-ಆಹಾರದ ಖರ್ಚಿಗೆ 4 ಲಕ್ಷ ಎಂದು ಘಟಕವೆಚ್ಚ ನಿಗದಿ ಮಾಡಿತ್ತು. ಒಟ್ಟು 11 ಲಕ್ಷ. ಹತ್ತು ಸಾವಿರ ಬಲಿತ ಮರಿ ಬಿಟ್ಟು, ನೂರಕ್ಕೆ ಎಪ್ಪತ್ತು ಉಳಿದು, ತಲಾ 700 ಗ್ರಾಂ ಬೆಳೆದರೆ 4,900 ಕಿಲೋ. ಹೊಂಡದ ಬಳಿ ಕಿಲೋಗೆ 110 ರೂಪಾಯಿ ಸಿಕ್ಕಿತೆಂದು ಇಟ್ಟುಕೊಳ್ಳಿ: 5.39 ಲಕ್ಷ. ಒಂದು ಕಿಲೋ ಮೀನಿಗೆ 1.6 ಕಿಲೋ ಆಹಾರ, ಕಿಲೋಗೆ 38 ರೂಪಾಯಿ ಎಂದರೆ ಸುಮಾರು 2.98 ಲಕ್ಷ. ಮರಿಗೆ 30 ಸಾವಿರ, ಕೂಲಿ, ಕರೆಂಟು, ಸುಣ್ಣ, ಗೊಬ್ಬರ, ಬಲೆ, ಸಾಗಣೆಗೆ 1.10 ಲಕ್ಷ. ಉಳಿಯುವುದು 1 ಲಕ್ಷದ ಆಸುಪಾಸು, ಅಂದರೆ ವರ್ಷಕ್ಕೆ ಶೇ 9. ಇದರಲ್ಲಿ ಸಾಲದ ಬಡ್ಡಿ, ಏಜೆಂಟರ ಕಮಿಷನ್, ಕಚೇರಿ ಬಾಡಿಗೆ ಸೇರಿಲ್ಲ. ಬೆಲೆಗಳು ಉದಾಹರಣೆಗೆ ಹಿಡಿದವು. ನೀವು ಅಂದಿನ ಕಲಬುರಗಿ ಮಾರುಕಟ್ಟೆಯ ಸಗಟು ದರ ಹಾಕಿ ಮತ್ತೆ ಲೆಕ್ಕ ಮಾಡಿ. ತೌಡು, ಶೇಂಗಾ ಹಿಂಡಿ ಬಳಸುವ ಜಾಣ ರೈತ ಇನ್ನೂ ಸ್ವಲ್ಪ ಉಳಿಸುತ್ತಾನೆ. ಆದರೆ ಬೆಲೆ ಅವನ ಕೈಯಲ್ಲಿಲ್ಲ, ಆಂಧ್ರದ ಕೊಲ್ಲೇರು, ಭೀಮಾವರಂ ಕಡೆಯಿಂದ ಐಸಿನಲ್ಲಿ ಬರುವ ಮೀನಿನ ಜೊತೆ ಅವನು ಪೈಪೋಟಿ ಮಾಡಬೇಕು.

ಬಯೋಫ್ಲಾಕ್, ಮರುಬಳಕೆ ನೀರಿನ ಟ್ಯಾಂಕ್ ಎಂದರೆ ಇಳುವರಿ ಹೆಚ್ಚು, ಅಪಾಯವೂ ಹೆಚ್ಚು. ಕೆಲವು ಗಂಟೆ ಗಾಳಿ ಯಂತ್ರ ನಿಂತರೆ ಇಡೀ ಟ್ಯಾಂಕಿನ ಮೀನು ಸಾಯುತ್ತದೆ. ಯಾವ ಮೀನು ಎಂದೂ ಕೇಳಿ, ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆ ದೇಶದಲ್ಲಿ ನಿಷಿದ್ಧ.

ಸಬ್ಸಿಡಿಯ ಆಸೆ ತೋರಿಸಿದರೆ ಅದು ಯಾರ ಹೆಸರಿಗೆ ಎಂದು ಕೇಳಿ. ಮತ್ಸ್ಯ ಸಂಪದದಲ್ಲಿ ಸಾಮಾನ್ಯ ವರ್ಗಕ್ಕೆ ಶೇ 40, ಪರಿಶಿಷ್ಟರು ಮತ್ತು ಮಹಿಳೆಯರಿಗೆ ಶೇ 60 ಸಹಾಯಧನ ಇದ್ದದ್ದು ಘಟಕ ಕಟ್ಟುವ ಫಲಾನುಭವಿಗೆ. ಕಂಪನಿಗೆ ಹಣ ಕೊಟ್ಟವರಿಗೆ ಅದು ಬರುವುದಿಲ್ಲ.

ಐದನೆಯ ಹೆಜ್ಜೆ: ಬೇರೆ ದಾರಿ ತೂಗಿ ನೋಡಿ

ಮೀನಿನ ಉದ್ಯಮದಲ್ಲಿ ಪಾಲು ಬೇಕೆಂದರೆ ಷೇರುಪೇಟೆಯಲ್ಲಿ ನೋಂದಾಯಿತ ಕಂಪನಿಗಳಿವೆ. ಮೀನಿನ ಹಿಟ್ಟು, ಎಣ್ಣೆ ಮಾಡುವ ಮಂಗಳೂರಿನ ಮುಕ್ಕ ಪ್ರೋಟೀನ್ಸ್ 2024ರಲ್ಲಿ ಸಾರ್ವಜನಿಕರಿಗೆ ಷೇರು ನೀಡಿತು. ಸಿಗಡಿ ಆಹಾರದ ಅವಂತಿ ಫೀಡ್ಸ್ ಹೈದರಾಬಾದಿನದು. ಇವನ್ನು ಕೊಳ್ಳಿ ಎಂದು ಹೇಳುತ್ತಿಲ್ಲ. 2025ರಲ್ಲಿ ಅಮೆರಿಕ ಸುಂಕ ಏರಿಸಿದಾಗ ಸಿಗಡಿ ಕಂಪನಿಗಳ ಷೇರು ಬಿದ್ದವು. ಆದರೆ ಇಲ್ಲಿ ಮೂರು ತಿಂಗಳಿಗೊಮ್ಮೆ ಲೆಕ್ಕ ಹೊರಬರುತ್ತದೆ, ಬೇಡವೆಂದ ದಿನ ಮಾರಿ ಹೊರಬರಬಹುದು. ನೋಂದಾಯಿತವಲ್ಲದ ಕಂಪನಿಯ ಷೇರು ಕೊಳ್ಳುವವರೇ ಸಿಗುವುದು ಕಷ್ಟ.

ಸ್ವಂತ ಜಮೀನಿದ್ದವರು ಕೃಷಿ ಹೊಂಡದಲ್ಲೇ ಸಣ್ಣದಾಗಿ ಶುರುಮಾಡಬಹುದು. ಮೀನುಗಾರರಿಗೂ ಕಿಸಾನ್ ಕ್ರೆಡಿಟ್ ಕಾರ್ಡ್ ಸಿಗುತ್ತದೆ. ಬೀದರಿನಲ್ಲಿ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯವೇ ಇದೆ, ಕಲಿಯಲು ದೂರ ಹೋಗಬೇಕಾಗಿಲ್ಲ.

ಹಣ ಈಗಾಗಲೇ ಸಿಕ್ಕಿಕೊಂಡಿದ್ದರೆ

ಕಂತು ನಿಂತ ದಿನವೇ ಎಚ್ಚೆತ್ತುಕೊಳ್ಳಿ. ರಸೀದಿ, ಬಾಂಡ್, ವಾಟ್ಸ್‌ಆ್ಯಪ್ ಸಂದೇಶ, ಬ್ಯಾಂಕ್ ದಾಖಲೆ ಎಲ್ಲವನ್ನೂ ನಕಲು ಮಾಡಿಡಿ. ‘ಹಳೆಯದು ಬರಬೇಕಾದರೆ ಇನ್ನಷ್ಟು ಹಾಕಿ’ ಎಂದರೆ ಒಂದು ರೂಪಾಯಿಯನ್ನೂ ಕೊಡಬೇಡಿ. ಪೊಲೀಸರಿಗೆ ದೂರು ಕೊಡಿ. ರಿಸರ್ವ್ ಬ್ಯಾಂಕಿನ ‘ಸಚೇತ್’ ಜಾಲತಾಣದಲ್ಲೂ ದಾಖಲಿಸಬಹುದು. ಕರ್ನಾಟಕದಲ್ಲಿ ಠೇವಣಿದಾರರ ಹಿತರಕ್ಷಣೆಗೆ 2004ರ ಕಾಯ್ದೆ ಇದೆ. ಅನಿಯಂತ್ರಿತ ಠೇವಣಿ ಯೋಜನೆಗಳನ್ನು ನಿಷೇಧಿಸುವ ಕೇಂದ್ರದ ಕಾಯ್ದೆ 2019ರಲ್ಲಿ ಬಂತು, ಅಂಥ ಠೇವಣಿ ಪಡೆದವರಿಗೆ ಎರಡರಿಂದ ಏಳು ವರ್ಷ ಜೈಲು ಶಿಕ್ಷೆಗೆ ಅವಕಾಶವಿದೆ. ಎರಡೂ ಕಾಯ್ದೆಗಳಡಿ ಕಂಪನಿಯ ಆಸ್ತಿ ಜಪ್ತಿ ಮಾಡಬಹುದು. ತಡವಾದಷ್ಟೂ ಜಪ್ತಿ ಮಾಡಲು ಉಳಿಯುವ ಆಸ್ತಿ ಕಡಿಮೆ.

ಇನ್ನೂ ಕೊಟ್ಟಿಲ್ಲವೆಂದರೆ, ಕಂಪನಿ ಹೇಳಿದ ಸರ್ವೆ ನಂಬರ್, ಹೊಂಡಗಳ ಸಂಖ್ಯೆ, ಮೀನಿನ ಜಾತಿ ಬರೆದುಕೊಂಡು ಕಲಬುರಗಿಯ ಮೀನುಗಾರಿಕೆ ಇಲಾಖೆಯ ಕಚೇರಿಗೆ ಹೋಗಿ ಕೇಳಿ. ಹಣ ಕೇಳುತ್ತಿರುವವರು ಸ್ವಂತ ಸೋದರಮಾವನೇ ಆಗಿದ್ದರೂ ದಯವಿಟ್ಟು ಅಲ್ಲಿಗೆ ಹೋಗಿ ಬಂದ ನಂತರವೇ ಉತ್ತರ ಕೊಡಿ.